ಮನೆ ವ್ಯಾಪಾರ: ಬೆಲೆ ಆಮೇಲೆ, ಕಡತ ಮೊದಲು

ಮೈಸೂರಿನಲ್ಲಿ ಮನೆ ಮಾರಾಟಕ್ಕಿದೆ ಎಂದರೆ ನೋಡಲು ಬರುವವರಿಗೆ ಬರವಿಲ್ಲ. ಬೆಲೆಯೂ ನಾಲ್ಕು ಸಲ ಎಳೆದಾಡಿ ಎಲ್ಲೋ ಒಂದು ಕಡೆ ಕುದುರುತ್ತದೆ. ವ್ಯಾಪಾರ ಕೆಡುವುದು ಅದಾದ ಮೇಲೆ. ಮುಂಗಡ ಕೊಟ್ಟಾಗಿದೆ, ಗೃಹಪ್ರವೇಶಕ್ಕೆ ಮುಹೂರ್ತ ಕೇಳಿಯಾಗಿದೆ, ಅಷ್ಟರಲ್ಲಿ ಇಸಿಯಲ್ಲಿ (ಆಸ್ತಿಯ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ಯಾವುದೋ ಹಳೆಯ ಸೊಸೈಟಿ ಸಾಲ ಕಾಣುತ್ತದೆ. ಇಲ್ಲವೇ ಹುಣಸೂರಿಗೆ ಕೊಟ್ಟ ತಂಗಿ ‘ನಾನು ಸಹಿ ಹಾಕೋದಿಲ್ಲ’ ಎನ್ನುತ್ತಾಳೆ. ಇವೆಲ್ಲ ಮೊದಲೇ ಗೊತ್ತುಮಾಡಿಕೊಳ್ಳಬಹುದಾದ ಸಂಗತಿಗಳು. ಆದ್ದರಿಂದ ಇಲ್ಲಿ ಕೆಲಸಗಳನ್ನು ಜನ ಮಾಡುವ ಕ್ರಮದಲ್ಲಿ ಹೇಳಿಲ್ಲ, ಮಾಡಬೇಕಾದ ಕ್ರಮದಲ್ಲಿ ಹೇಳಿದೆ.

ಮಾರುವವರು: ಬೋರ್ಡ್ ಹಾಕುವ ಮುನ್ನ

ಮೊದಲ ಕೆಲಸ ಇ-ಖಾತೆ, ಅಂದರೆ ಸ್ಥಳೀಯ ಸಂಸ್ಥೆ ಕಂಪ್ಯೂಟರಿನಿಂದ ಕೊಡುವ ಆಸ್ತಿ ಖಾತೆ. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತೆ ಇಲ್ಲದೆ ಮನೆ, ನಿವೇಶನಗಳ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಇದು ಇ-ಆಸ್ತಿ ತಂತ್ರಾಂಶದಿಂದ ಬರುತ್ತದೆ; ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಹಳೆಯ ಕೈಬರಹದ ಖಾತಾ ನಕಲು, ಅಪ್ಪ ಜೋಪಾನವಾಗಿಟ್ಟ ಕಂದಾಯ ರಸೀದಿ ಎರಡೂ ಬೇಕು. ಆದರೆ ಅವಷ್ಟೇ ಸಾಕಾಗುವುದಿಲ್ಲ.

ಮೈಸೂರಿನಲ್ಲಿ ಇದಕ್ಕೊಂದು ಸ್ಥಳೀಯ ತೊಡಕಿದೆ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಈಗಿನ ಎಂಡಿಎ) ಅನುಮೋದಿಸಿದ ಎಷ್ಟೋ ಖಾಸಗಿ ಬಡಾವಣೆಗಳ ಖಾತೆ ವರ್ಷಗಟ್ಟಲೆ ಮುಡಾದಲ್ಲೇ ಇತ್ತು. ಆಮೇಲೆ ಅವು ಪಾಲಿಕೆಗೋ, ಹೂಟಗಳ್ಳಿ ನಗರಸಭೆಗೋ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಿಗೋ ಹೋದವು. ಬಡಾವಣೆ ಹಸ್ತಾಂತರವಾದರೂ ಕೆಲವು ಮನೆಗಳ ಕಡತ ಹಿಂದೆಯೇ ಉಳಿದುಬಿಟ್ಟಿರುತ್ತದೆ. ಹೊರವರ್ತುಲ ರಸ್ತೆಯ ಆಸುಪಾಸಿನ ಮನೆಯಾದರೆ ನಿಮ್ಮ ಕಡತ ಈಗ ಯಾವ ಕಚೇರಿಯಲ್ಲಿದೆ ಎಂಬುದನ್ನು ಮೊದಲು ಪತ್ತೆಮಾಡಿ, ಆಮೇಲೆ ಅರ್ಜಿ ಹಾಕಿ. ಇಲ್ಲದಿದ್ದರೆ ಎರಡು ಕಚೇರಿಗಳ ನಡುವೆ ಅಲೆದಾಟ ತಪ್ಪಿದ್ದಲ್ಲ.

ಇ-ಖಾತೆ ಕೈಗೆ ಬಂದೊಡನೆ ಮೂರನ್ನು ನೋಡಿ: ಹೆಸರು, ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ). ಕ್ರಯಪತ್ರದಲ್ಲಿ ‘ಪುಟ್ಟಸ್ವಾಮಿ’, ಆಧಾರ್‌ನಲ್ಲಿ ‘ಪುಟ್ಟಸ್ವಾಮಿಗೌಡ’, ಖಾತೆಯಲ್ಲಿ ‘ಎಂ. ಪುಟ್ಟಸ್ವಾಮಿ’ ಎಂದಿದ್ದರೆ ಮನುಷ್ಯ ಒಬ್ಬನೇ ಎಂದು ಊರಿಗೆಲ್ಲ ಗೊತ್ತಿದ್ದರೂ ಬ್ಯಾಂಕಿನ ವಕೀಲರು ಅಷ್ಟಕ್ಕೆ ಒಪ್ಪುವುದಿಲ್ಲ. ಹೆಸರಿನ ಸಣ್ಣ ವ್ಯತ್ಯಾಸಕ್ಕೆ ಅಫಿಡವಿಟ್ ನಡೆಯಬಹುದು. ಚಕ್ಕುಬಂದಿಯೋ ಸೈಟ್ ನಂಬರೋ ತಪ್ಪಿದ್ದರೆ ನೋಂದಾಯಿತ ತಿದ್ದುಪಡಿ ಪತ್ರವೇ ಆಗಬೇಕು. ಅದಕ್ಕೆ ನಿಮಗೆ ಮಾರಿದವರೇ ಬಂದು ಸಹಿ ಹಾಕಬೇಕು, ಅವರು ತೀರಿಕೊಂಡಿದ್ದರೆ ವಾರಸುದಾರರು. ಗಿರಾಕಿ ಎದುರು ಕೂತಿರುವಾಗ ಅವರನ್ನು ಹುಡುಕಲು ಹೊರಟರೆ ವ್ಯಾಪಾರ ಕೈತಪ್ಪಿತೆಂದೇ ಲೆಕ್ಕ.

ಮನೆಯ ಮೇಲೆ ಸಾಲವಿದ್ದು ತೀರಿದ್ದರೆ ಬ್ಯಾಂಕಿನಿಂದ ಮೂಲ ಪತ್ರಗಳನ್ನು ಬಿಡಿಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ಕಾರಣದಿಂದ ತಡವಾದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕೈಗೆ ಬಂದಿತೆಂದು ಸುಮ್ಮನಾಗಬೇಡಿ. ಅಡಮಾನ ನೋಂದಣಿಯಾಗಿದ್ದರೆ ಅದರ ಋಣವಿಮುಕ್ತಿಯೂ ನೋಂದಣಿಯಾಗಬೇಕು. ಅಲ್ಲಿಯವರೆಗೆ ತೀರಿದ ಸಾಲವೂ ಇಸಿಯಲ್ಲಿ ಜೀವಂತವಾಗಿ ಕೂತಿರುತ್ತದೆ.

ಸಹಿ ಯಾರ್‍ಯಾರದು?

ಹೆಚ್ಚು ತಲೆನೋವು ಕೊಡುವುದು ಇದೇ. ತಂದೆ ಕಟ್ಟಿಸಿದ ಮನೆ, ತಂದೆ ಇಲ್ಲ, ಖಾತೆ ಅಣ್ಣನ ಹೆಸರಿಗೆ ಆಗಿದೆ. ಖಾತೆ ಇರುವುದು ಕಂದಾಯ ವಸೂಲಿಗೆ. ಅದರಿಂದ ಅಣ್ಣ ಮಾಲೀಕನಾಗುವುದಿಲ್ಲ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಪಾಲುದಾರರು ಎಂಬುದನ್ನು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಸಂಶಯಕ್ಕೆ ಎಡೆಯಿಲ್ಲದಂತೆ ಖಚಿತಪಡಿಸಿತು. ‘ಮದುವೆಯಲ್ಲೇ ಅವಳಿಗೆ ಕೊಟ್ಟಾಯ್ತು’ ಎನ್ನುವ ಮಾತು ಪತ್ರದಲ್ಲಿ ನಿಲ್ಲುವುದಿಲ್ಲ.

ದಾರಿ ಎರಡು. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ ಎಲ್ಲ ವಾರಸುದಾರರೂ ಕ್ರಯಪತ್ರಕ್ಕೇ ಸಹಿ ಹಾಕುವುದು. ಅಥವಾ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನೋ ವಿಭಾಗ ಪತ್ರವನ್ನೋ ಮಾಡಿಕೊಂಡು ಒಬ್ಬರ ಹೆಸರಿಗೆ ತಂದು ಮಾರುವುದು. ಎಲ್ಲರೂ ಊರಲ್ಲೇ ಇದ್ದು ಮಾತಿನಲ್ಲಿದ್ದರೆ ಮೊದಲನೆಯದು ಸುಲಭ. ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರು ಮಾತು ಬಿಟ್ಟಿದ್ದಾರೆ ಎಂದರೆ ಎರಡನೆಯದನ್ನು ಮುಗಿಸಿಕೊಂಡೇ ಗಿರಾಕಿಯನ್ನು ಹುಡುಕಿ. ಪಾಲುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದು, ಅವರ ಹೆಸರಿನಲ್ಲೇ ಆಸ್ತಿ ಇದ್ದರೆ ತಾಯಿಯ ಸಹಿಯೊಂದೇ ಸಾಲದು, ನ್ಯಾಯಾಲಯದ ಅನುಮತಿ ಬೇಕು.

ವಿದೇಶದಲ್ಲಿರುವವರು ಅಧಿಕಾರ ಪತ್ರ ಕಳಿಸುವುದಾದರೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಲಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಪತ್ರದ ಆಯುಸ್ಸೂ ಮುಗಿಯಿತು. ಇನ್ನು ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮನೆ ‘ಕೊಳ್ಳುವ’ ವಿಚಾರ: ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬೆಲೆ ಎಷ್ಟೇ ಕಡಿಮೆಯಿರಲಿ, ಎದ್ದು ಬನ್ನಿ.

ಕೊಳ್ಳುವವರು: ಪತ್ರ ಓದುವ ಬಗೆ

ಬ್ರೋಕರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಇಸಿಯನ್ನು ನಂಬಬೇಡಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀವೇ ತೆಗೆಸಿ. 2004ರ ಏಪ್ರಿಲ್ 1ರಿಂದ ಈಚಿನ ವಿವರ ಅಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪುಸ್ತಕ ಹುಡುಕಿಸಬೇಕು, ಬ್ಯಾಂಕು ಅದನ್ನೂ ಕೇಳುತ್ತದೆ. ನಮೂನೆ 15 ಎಂದರೆ ವ್ಯವಹಾರ ನಡೆದಿದೆ, ನಮೂನೆ 16 ಎಂದರೆ ಆ ಅವಧಿಯಲ್ಲಿ ಏನೂ ದಾಖಲಾಗಿಲ್ಲ. ಮೂರು ವರ್ಷದ ಹಿಂದೆ ಮನೆ ಕೊಂಡೆ ಎನ್ನುವವರ ಇಸಿ ನಮೂನೆ 16ರಲ್ಲಿ ಬಂದರೆ ಖುಷಿಪಡಬೇಡಿ. ಸೈಟ್ ನಂಬರೋ ಗ್ರಾಮದ ಹೆಸರೋ ತಪ್ಪಾಗಿ ಹುಡುಕಿದ್ದೀರಿ, ಅಥವಾ ಆ ಕ್ರಯಪತ್ರವೇ ಸುಳ್ಳು.

ಆಮೇಲೆ ಮೂಲ ಪತ್ರದಿಂದ ಇಂದಿನವರೆಗೆ ಕೊಂಡಿ ಕೂಡಿಸಿ. ಮುಡಾ ನಿವೇಶನವಾದರೆ ಹಂಚಿಕೆ ಪತ್ರ, ಗುತ್ತಿಗೆ-ಸಹ-ಕ್ರಯ ಒಪ್ಪಂದ, ಸ್ವಾಧೀನ ಪತ್ರ, ಕೊನೆಗೆ ಪ್ರಾಧಿಕಾರ ಮಾಡಿಕೊಟ್ಟ ಕ್ರಯಪತ್ರ. ಈ ಕೊನೆಯದು ಇಲ್ಲದಿದ್ದರೆ ಹಂಚಿಕೆದಾರರು ಇನ್ನೂ ಪೂರ್ಣ ಮಾಲೀಕರಲ್ಲ. ಖಾಸಗಿ ಬಡಾವಣೆಯಾದರೆ ಭೂಪರಿವರ್ತನೆ ಆದೇಶ ಮತ್ತು ಅನುಮೋದಿತ ಬಡಾವಣೆ ನಕ್ಷೆ. ಸರ್ವೆ ನಂಬರಿನ ಹಿನ್ನೆಲೆಯನ್ನೂ ನೋಡಿಸಿ. ಕುರುಬರಹಳ್ಳಿ ಸರ್ವೆ ನಂ. 4, ಆಲನಹಳ್ಳಿ ಸರ್ವೆ ನಂ. 41ರ ಬಿ-ಖರಾಬು (ಸರ್ಕಾರಕ್ಕೆ ಸೇರಿದ, ಸಾಗುವಳಿಗೆ ಬಿಡದ ಜಮೀನು) ವಿವಾದದಲ್ಲಿ, ಕಟ್ಟಿ ವಾಸವಾಗಿದ್ದವರೂ ವರ್ಷಗಟ್ಟಲೆ ಒದ್ದಾಡಿದ್ದನ್ನು ಮೈಸೂರು ಕಂಡಿದೆ. ಬಿ-ಖಾತೆಯ, ಅಂದರೆ ಸರಿಯಾದ ಅನುಮೋದನೆ ಇಲ್ಲದ ಆಸ್ತಿಯ ಮನೆ ಅಗ್ಗಕ್ಕೆ ಸಿಗುವುದು ಸುಮ್ಮನೆ ಅಲ್ಲ. ಸಾಲ ಕೊಡುವವರು ಕಡಿಮೆ, ನಾಳೆ ನೀವು ಮಾರಲು ಹೋದಾಗ ಕೊಳ್ಳುವವರೂ ಕಡಿಮೆ.

ಮನೆ ನೋಡಲು ಟೇಪು ಹಿಡಿದು ಹೋಗಿ. ಪತ್ರದಲ್ಲಿ 30×40 ಇದ್ದು ನೆಲದಲ್ಲಿ 29×39 ಇದ್ದರೆ 1,200 ಚದರಡಿಯ ಜಾಗ 1,131ಕ್ಕೆ ಇಳಿಯಿತು. 69 ಚದರಡಿ ಪಕ್ಕದವರ ಕಾಂಪೌಂಡಿನೊಳಗೆ ಹೋಗಿರಬಹುದು. ಮಂಜೂರಾದ ನಕ್ಷೆಯಲ್ಲಿ ಎರಡೇ ಅಂತಸ್ತು, ಎದುರಿಗೆ ಮೂರು ಎದ್ದಿವೆ ಎಂದರೆ ಬ್ಯಾಂಕಿನ ಮೌಲ್ಯಮಾಪಕರು ಮೂರನೆಯದನ್ನು ಲೆಕ್ಕಕ್ಕೇ ಹಿಡಿಯದಿರಬಹುದು. ಮಳೆ ಬಂದ ಮರುದಿನ ತಾರಸಿ ಹತ್ತಿ ನೀರು ನಿಂತಿದೆಯೇ ನೋಡಿ. ಹೊಸ ಬಣ್ಣದ ವಾಸನೆ ಒಂದೇ ಗೋಡೆಯಿಂದ ಬರುತ್ತಿದ್ದರೆ ಆ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಮಾಲೀಕರ ಬದಲು ಎದುರು ಮನೆಯವರನ್ನು ಕೇಳಿ.

ಮನೆಯಲ್ಲಿ ಭೋಗ್ಯಕ್ಕಿರುವವರಿದ್ದರೆ ಅವರ ಕರಾರು ಪತ್ರ ಓದದೆ ಮುಂದೆ ಹೋಗಬೇಡಿ. ಭೋಗ್ಯದ ಹಣವನ್ನು ಮಾರುವವರು ಎಂದೋ ಖರ್ಚು ಮಾಡಿರುತ್ತಾರೆ. ಅದನ್ನು ಬೆಲೆಯಲ್ಲಿ ಮುರಿದುಕೊಂಡು ನೀವು ವಾಪಸ್ ಕೊಡುವುದೋ, ಮನೆ ಖಾಲಿ ಮಾಡಿಸಿಯೇ ನೋಂದಣಿಯೋ ಎಂಬುದು ಅಗ್ರಿಮೆಂಟಿನಲ್ಲಿ ಬರಬೇಕು.

ದುಡ್ಡಿನ ಲೆಕ್ಕ

80 ಲಕ್ಷದ ಮನೆ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 4 ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್ 40,000. ನಗರ ವ್ಯಾಪ್ತಿಯ ಶೇ 2 ಸರ್ಚಾರ್ಜ್ 8,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2, ಅಂದರೆ 1.6 ಲಕ್ಷ. ಒಟ್ಟು 6,08,000. ಮಾರ್ಗಸೂಚಿ ದರದ (ಆ ಪ್ರದೇಶಕ್ಕೆ ಸರ್ಕಾರ ನಿಗದಿ ಮಾಡಿದ ದರ) ಲೆಕ್ಕ ಒಪ್ಪಿದ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಆ ಹೆಚ್ಚಿನ ಮೊತ್ತದ ಮೇಲೆ.

ಗೃಹಸಾಲ 30 ಲಕ್ಷದಿಂದ 75 ಲಕ್ಷದವರೆಗಾದರೆ ಬ್ಯಾಂಕು ಕೊಡಬಹುದಾದ್ದು ಮನೆಯ ಮೌಲ್ಯದ ಶೇ 80, ಇಲ್ಲಿ 64 ಲಕ್ಷ. ನೋಂದಣಿ ಖರ್ಚನ್ನು ಬ್ಯಾಂಕು ಮೌಲ್ಯದಲ್ಲಿ ಸೇರಿಸುವುದಿಲ್ಲ. ಹಾಗಾಗಿ ಕೈಯಿಂದ 16 ಲಕ್ಷ, ಮೇಲೆ 6.08 ಲಕ್ಷ, ಇನ್ನು ಬ್ರೋಕರ್ ಕಮಿಷನ್, ವಕೀಲರ ಫೀಸು. ಹತ್ತಿರ ಹತ್ತಿರ 23 ಲಕ್ಷ ಹೊಂದಿಸಿಕೊಳ್ಳದೆ ಮುಂಗಡ ಕೊಟ್ಟರೆ ಕೊನೆಯ ವಾರ ಚಿನ್ನ ಅಡವಿಡಬೇಕಾಗುತ್ತದೆ. ಬ್ಯಾಂಕಿನವರು ಮೌಲ್ಯವನ್ನು 80ರ ಬದಲು 72 ಎಂದರಂತೂ ಸಾಲ ಇನ್ನೂ ಇಳಿಯುತ್ತದೆ.

ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಉಳಿದದ್ದನ್ನು ಕೊಡಬೇಕು. ಮುಂಗಡದಲ್ಲೂ ಹಿಡಿಯಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಅದನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಟ್ಟಬೇಕು. ಮಾರುವವರ ಪಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ದರ ಶೇ 1 ಅಲ್ಲ, ಶೇ 20. ವ್ಯತ್ಯಾಸದ ನೋಟಿಸ್ ಬರುವುದು ಕೊಂಡವರಿಗೇ. ಆದ್ದರಿಂದ ಅಗ್ರಿಮೆಂಟಿಗೆ ಮುನ್ನವೇ ಪಾನ್ ಸ್ಥಿತಿ ನೋಡಿ. ಮಾರುವವರು ಅನಿವಾಸಿ ಭಾರತೀಯರಾದರೆ ಈ ಶೇ 1ರ ನಿಯಮ ಅನ್ವಯಿಸುವುದೇ ಇಲ್ಲ, ದರ ಬಹಳ ಹೆಚ್ಚು; ಲೆಕ್ಕಪರಿಶೋಧಕರ ಬಳಿ ಹೋಗದೆ ಒಂದು ರೂಪಾಯಿಯನ್ನೂ ಕೊಡಬೇಡಿ.

‘ಅರ್ಧ ಬ್ಲ್ಯಾಕ್, ಅರ್ಧ ವೈಟ್’ ಎಂಬ ಪ್ರಸ್ತಾಪ ಬಂದೇ ಬರುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಂಡವರಿಗೂ ನಷ್ಟವಿದೆ. ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿದರೆ ಸಾಲ ಕಡಿಮೆ ಸಿಗುತ್ತದೆ, ಮುಂದೆ ಮಾರುವಾಗ ಲಾಭ ದೊಡ್ಡದಾಗಿ ಕಂಡು ತೆರಿಗೆ ಹೆಚ್ಚು ಬೀಳುತ್ತದೆ. ಮುದ್ರಾಂಕದಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ.

ಮಾರುವವರ ತೆರಿಗೆ: ಮನೆ 24 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮದಾಗಿದ್ದರೆ ದೀರ್ಘಾವಧಿ ಲಾಭ. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಮನೆಗೆ ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇ 12.5, ಹೊಂದಾಣಿಕೆಯೊಂದಿಗೆ ಶೇ 20, ಎರಡರಲ್ಲಿ ಕಡಿಮೆ ಬೀಳುವುದನ್ನು ಇಲ್ಲಿಯ ನಿವಾಸಿಗಳು ಕಟ್ಟಬಹುದು. ಸರಸ್ವತಿಪುರಂನಲ್ಲಿ ತಾತ ಕಟ್ಟಿಸಿದಂಥ ಮನೆಗೆ 2001ರ ಏಪ್ರಿಲ್ 1ರ ಮೌಲ್ಯವನ್ನು ಅಸಲು ಎಂದು ಹಿಡಿಯಬಹುದು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಇದೆ.

ಅಗ್ರಿಮೆಂಟು

ಟೋಕನ್ ಎಂದು ಸಣ್ಣ ಮೊತ್ತ ಕೊಟ್ಟು ಪತ್ರಗಳ ಜೆರಾಕ್ಸ್ ಪಡೆದು ವಕೀಲರಿಗೆ ತೋರಿಸಿ. ದೊಡ್ಡ ಮುಂಗಡ ಅವರ ಅಭಿಪ್ರಾಯ ಬಂದ ಮೇಲೆ. ಕರಾರಿನಲ್ಲಿ ಬೆಲೆ, ಗಡುವು ಎಲ್ಲರೂ ಬರೆಸುತ್ತಾರೆ. ಬರೆಸದೆ ಬಿಡುವುದು, ಆಮೇಲೆ ಜಗಳಕ್ಕೆ ಬರುವುದು ಇವು: ಬ್ಯಾಂಕು ಪತ್ರದ ದೋಷದಿಂದ ಸಾಲ ನಿರಾಕರಿಸಿದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್, ಬಾಕಿ ಕಂದಾಯ, ನೀರಿನ ಬಿಲ್ಲು ಯಾರದು, ಸೋಲಾರ್, ಯುಪಿಎಸ್, ಮೋಟರ್, ಅಡುಗೆಮನೆಯ ಚಿಮಣಿ ಮನೆಗೆ ಸೇರಿದ್ದೋ ಅಲ್ಲವೋ, ಬೀಗದ ಕೈ ಎಂದು. ಚಿಮಣಿ ಬಿಚ್ಚಿಕೊಂಡು ಹೋದದ್ದಕ್ಕೆ ನೋಂದಣಿ ದಿನ ಮಾತು ಬೆಳೆಯುವುದು ನಗುವ ವಿಷಯವಲ್ಲ.

ಆಷಾಢದಲ್ಲಿ ನಮ್ಮ ಕಡೆ ಹೆಚ್ಚಿನವರು ನೋಂದಣಿ ಬೇಡ ಎನ್ನುತ್ತಾರೆ. ಇಸಿ, ವಂಶವೃಕ್ಷ, ವಕೀಲರ ಅಭಿಪ್ರಾಯ, ಸಾಲದ ಅರ್ಜಿ ಇವಕ್ಕೆಲ್ಲ ಆ ತಿಂಗಳು ಹೇಳಿ ಮಾಡಿಸಿದ್ದು. ಶ್ರಾವಣ ಬಂದೊಡನೆ ಎಲ್ಲರೂ ಒಟ್ಟಿಗೆ ಮುಗಿಬೀಳುವಾಗ ನಿಮ್ಮ ಕಡತ ಸಿದ್ಧವಾಗಿರುತ್ತದೆ.

ನೋಂದಣಿ, ಅದರ ನಂತರ

ಕಾವೇರಿ 2.0ರಲ್ಲಿ ಪತ್ರ ಮತ್ತು ವಿವರ ಏರಿಸಿದರೆ ಉಪನೋಂದಣಾಧಿಕಾರಿ ಪರಿಶೀಲಿಸಿ ಒಪ್ಪುತ್ತಾರೆ ಅಥವಾ ತಿದ್ದಲು ಹಿಂದಕ್ಕೆ ಕಳಿಸುತ್ತಾರೆ. ಒಪ್ಪಿಗೆಯಾದ ಮೇಲೆ ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಬೇಕು. ಆ ದಿನ ಎರಡೂ ಕಡೆಯವರು, ಇಬ್ಬರು ಸಾಕ್ಷಿಗಳು, ಎಲ್ಲರ ಮೂಲ ಗುರುತಿನ ಚೀಟಿ. ವಯಸ್ಸಾದವರ ಹೆಬ್ಬೆಟ್ಟಿನ ಗುರುತು ಯಂತ್ರ ಹಿಡಿಯದೆ ಸತಾಯಿಸುವುದುಂಟು, ಬೆಳಗಿನ ಸಮಯ ತೆಗೆದುಕೊಂಡರೆ ಕಾಯಲು ಬಿಡುವಿರುತ್ತದೆ. ಸರ್ವರ್ ಕೈಕೊಟ್ಟರೆ ಮಾತ್ರ ಯಾರೂ ಏನೂ ಮಾಡುವಂತಿಲ್ಲ. ಸಹಿಯಾದ ಪತ್ರವನ್ನು ನೋಂದಣಿಗೆ ಹಾಜರುಪಡಿಸಲು ಕಾನೂನಿನಲ್ಲಿ ನಾಲ್ಕು ತಿಂಗಳ ಅವಕಾಶವಿದೆ, ಆದ್ದರಿಂದ ಒಂದು ದಿನ ತಪ್ಪಿದರೆ ಗಾಬರಿ ಬೇಡ. ಡಿಡಿಯನ್ನು ಮಾತ್ರ ಪತ್ರಕ್ಕೆ ಸಹಿ ಬೀಳುವ ಮುನ್ನ ಕೈಬಿಡಬೇಡಿ. ಮಾರುವವರು ಡಿಡಿ ಅಸಲಿಯೇ ಎಂದು ಬ್ಯಾಂಕಿಗೆ ಫೋನ್ ಮಾಡಿ ಕೇಳುವುದರಲ್ಲಿ ಸಂಕೋಚಪಡಬೇಕಿಲ್ಲ.

ಹದಿನೈದು ದಿನ ಬಿಟ್ಟು ಮತ್ತೊಂದು ಇಸಿ ತೆಗೆಸಿ, ನಿಮ್ಮ ಹೆಸರು ಬಂದಿದೆಯೇ ನೋಡಿ. ಖಾತೆ ವರ್ಗಾವಣೆ ಆದಮೇಲೆ ಆ ಇ-ಖಾತೆ, ಕ್ರಯಪತ್ರದೊಂದಿಗೆ ವಿದ್ಯುತ್ ಕಂಪನಿ ಚೆಸ್ಕಾಂನಲ್ಲಿ ಆರ್‌ಆರ್ ನಂಬರನ್ನು (ವಿದ್ಯುತ್ ಸಂಪರ್ಕದ ಸಂಖ್ಯೆ) ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ಠೇವಣಿಯನ್ನು ಅವರಿಗೆ ಕೊಟ್ಟಿದ್ದೀರೋ ಇಲ್ಲವೋ ಎಂಬುದನ್ನು ಅಲ್ಲೇ ಇತ್ಯರ್ಥ ಮಾಡಿಕೊಳ್ಳಿ. ವಾಣಿವಿಲಾಸ ನೀರು ಸರಬರಾಜಿನ ಸಂಪರ್ಕದ ಬಾಕಿಯನ್ನಂತೂ ನೋಂದಣಿಗೆ ಮುನ್ನವೇ ಕೇಳಿ. ಮೀಟರ್ ಕೆಟ್ಟು ವರ್ಷಗಟ್ಟಲೆ ಬಿಲ್ ಕಟ್ಟದ ಮನೆಗಳಲ್ಲಿ ಬಡ್ಡಿ ಸೇರಿ ಅದು ದೊಡ್ಡ ಮೊತ್ತವಾಗಿರುತ್ತದೆ, ಸಂಪರ್ಕ ನಿಮ್ಮ ಹೆಸರಿಗೆ ಬರುವಾಗ ಬಾಕಿಯೂ ಜೊತೆಗೇ ಬರುತ್ತದೆ.