ಬೆಳಗ್ಗೆ ಸ್ಟಾರ್ಟ್ ಆಗದ ಡೀಸೆಲ್ ಗಾಡಿಗೆ ನನ್ನ ಗ್ಲೂಕೋಸ್ ಬಾಟಲಿ

ಎರಡು ವರ್ಷದ ಹಿಂದೆ "ಕಾಮನ್ ರೈಲ್ ಗಾಡಿಗೆ ಬಾಟಲಿ ಕಟ್ಟಿ ನೋಡುತ್ತೀಯಾ ಮಾರಾಯ, ಅದೇನು ಹಳೇ ಟ್ರ್ಯಾಕ್ಟರಾ?" ಎಂದು ನಕ್ಕಿದ್ದ ಮಂಗಳೂರಿನ ಪಂಪ್ ರೂಮಿನವರು (ಎಂಜಿನ್ನಿನ ಡೀಸೆಲ್ ಪಂಪ್ ರಿಪೇರಿ ಮಾಡುವವರು) ಹೋದ ವಾರ ಅವರಾಗಿಯೇ ಫೋನ್ ಮಾಡಿದರು. ಬಾಟಲಿಯಿಂದ ಪಂಪಿಗೆ ಹೋಗುವ ಅಡಾಪ್ಟರ್ ಎಲ್ಲಿ ಮಾಡಿಸಿದ್ದು ಎಂದು ಕೇಳಿದರು. ಹಾಗಾಗಿ ಇನ್ನು ಬರೆಯಬಹುದು ಅನ್ನಿಸಿತು. ಕಾಮನ್ ರೈಲ್ ಎಂದರೆ ಪಂಪ್ ಡೀಸೆಲನ್ನು ಭಾರೀ ಪ್ರೆಶರಿನಲ್ಲಿ ರೈಲ್ ಎಂಬ ಒಂದೇ ಕೊಳವೆಗೆ ತುಂಬಿ, ಅಲ್ಲಿಂದ ಎಂಜಿನ್ ಒಳಗೆ ಸಿಂಪಡಿಸುವ ನೋಝಲುಗಳಿಗೆ ಕೊಡುವ ಏರ್ಪಾಡು. ನನ್ನ ಕ್ರಮ ಇಷ್ಟೇ, ಟ್ಯಾಂಕಿನ ಬದಲು ಎತ್ತರದಲ್ಲಿ ನೇತು ಹಾಕಿದ ಬಾಟಲಿಯಿಂದ ಪಂಪಿಗೆ ಡೀಸೆಲ್ ಕೊಟ್ಟು ತೊಂದರೆ ಪಂಪಿನಲ್ಲೋ ಟ್ಯಾಂಕಿನಿಂದ ಬರುವ ದಾರಿಯಲ್ಲೋ ಎಂದು ನೋಡುವುದು. ಈವರೆಗೆ ಹನ್ನೊಂದೋ ಹನ್ನೆರಡೋ ಗಾಡಿಗಳಲ್ಲಿ ಈ ಕ್ರಮ ನನಗೆ ಸರಿಯಾದ ಉತ್ತರ ಕೊಟ್ಟಿದೆ. ಎರಡು ಸಲ ದಾರಿ ತಪ್ಪಿಸಿದ್ದೂ ಉಂಟು, ಅದನ್ನೂ ಹೇಳುತ್ತೇನೆ.

ನನ್ನ ಗ್ಯಾರೇಜ್ ಇರುವುದು ಉಡುಪಿಯ ಸಂತೆಕಟ್ಟೆ ಹತ್ತಿರ. ಇದೆಲ್ಲ ಶುರುವಾದದ್ದು ಮಣಿಪಾಲದ ಒಬ್ಬ ನಿವೃತ್ತ ಮಾಸ್ಟ್ರ ಹ್ಯಾಚ್‌ಬ್ಯಾಕಿನಿಂದ. ಆಟಿ ತಿಂಗಳ ಮಳೆಯಲ್ಲಿ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದಿದ್ದರು. ತೊಂದರೆ ಇಷ್ಟೇ. ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಹಿಡಿಯುವುದಿಲ್ಲ. ಎಂಟು ಹತ್ತು ಸಲ ಹೊಡೆದ ಮೇಲೆ ಒಮ್ಮೆ ಗೊರ ಗೊರ ಎಂದು ಹಿಡಿದುಕೊಂಡರೆ ಸಂಜೆವರೆಗೆ ಮುಟ್ಟಿದ ಕೂಡಲೇ ಸ್ಟಾರ್ಟ್. ಮಾರನೆಯ ದಿನ ಬೆಳಗ್ಗೆ ಮತ್ತೆ ಅದೇ.

ನನ್ನಲ್ಲಿಗೆ ಬರುವ ಮೊದಲು ಎರಡು ಕಡೆ ತೋರಿಸಿದ್ದರು. ಒಂದು ಕಡೆ ಹೊಸ ಬ್ಯಾಟರಿ, ಸುಮಾರು ಐದು ಮುಕ್ಕಾಲು ಸಾವಿರ. ಚಳಿಯಲ್ಲಿ ಎಂಜಿನ್ ಒಳಗೆ ಬಿಸಿ ಕೊಡುವ ನಾಲ್ಕು ಹೀಟರ್ ಪ್ಲಗ್, ಕೂಲಿ ಸೇರಿ ಮೂರು ಸಾವಿರದ ಹತ್ತಿರ. ಇನ್ನೊಂದು ಕಡೆ ನೋಝಲ್ ಬಿಚ್ಚಿ ಟೆಸ್ಟಿಗೆ ಕಳಿಸಿ ನಾಲ್ಕು ಸಾವಿರ. ರಿಪೋರ್ಟ್ ಸರಿಯಿದೆ ಎಂದೇ ಬಂತು. ಕೊನೆಗೆ ಸ್ಕ್ಯಾನರ್ ಹಾಕಿದಾಗ ಪಿ0087 ಕೋಡ್ ಸಿಕ್ಕಿತು, ಅಂದರೆ ರೈಲ್ ಪ್ರೆಶರ್ ಕಡಿಮೆ. "ಪಂಪ್ ಹೋಗಿದೆ ಸರ್, 38,000 ಆಗ್ತದೆ" ಎಂದರಂತೆ. ಮಾಸ್ಟ್ರ ಕೈಯಲ್ಲಿ ಆ ಕೊಟೇಶನ್ ಚೀಟಿ ಮಡಚಿ ಮಡಚಿ ಮಾಸಿ ಹೋಗಿತ್ತು. "ಇಷ್ಟು ಹಾಕುವ ಮೊದಲು ನೀವೊಮ್ಮೆ ನೋಡಿ, ನೀವೂ ಪಂಪ್ ಅಂದರೆ ಗಾಡಿಯನ್ನೇ ಮಾರುತ್ತೇನೆ" ಎಂದರು.

ಆ ಕೋಡ್ ಪ್ರೆಶರ್ ಕಡಿಮೆ ಎಂದು ಹೇಳುತ್ತದೆಯೇ ಹೊರತು ಯಾಕೆ ಕಡಿಮೆ ಎಂದು ಹೇಳುವುದಿಲ್ಲ. ನಮ್ಮವರು ಅದನ್ನು ಓದಿದ ಕೂಡಲೇ ಸ್ಪಾನರ್ ತೆಗೆದುಕೊಂಡು ಪಂಪಿಗೆ ಹೋಗುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರದ ವಿಷಯ, ಯಾಕೆಂದರೆ ಪಂಪ್ ಇಳಿಸಿದ ಮೇಲೆ ಗಿರಾಕಿಗೆ ಹಿಂದೆ ಹೋಗುವ ದಾರಿ ಇರುವುದಿಲ್ಲ. ಬಿಚ್ಚಿದ್ದಕ್ಕೆ, ಟೆಸ್ಟಿಗೆ, ಸೀಲ್ ಕಿಟ್ಟಿಗೆ ಎಂದು ದುಡ್ಡು ಹೋಗುತ್ತಲೇ ಇರುತ್ತದೆ.

ನಾನು ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡಿದೆ. ಆರ್‌ಪಿಎಂ 230-240 ತೋರಿಸುತ್ತಿತ್ತು, ಹಾಗಾಗಿ ಎಂಜಿನ್ ತಿರುಗುವುದನ್ನು ಅಳೆಯುವ ಕ್ರಾಂಕ್ ಸೆನ್ಸರ್ ಬದುಕಿದೆ. ಬ್ಯಾಟರಿ ಹತ್ತು ವೋಲ್ಟಿನಿಂದ ಕೆಳಗೆ ಇಳಿಯುತ್ತಿಲ್ಲ. ರೈಲ್ ಪ್ರೆಶರ್ ಮಾತ್ರ 40, 60, 90 ಬಾರ್ (ಪ್ರೆಶರಿನ ಅಳತೆ) ಎಂದು ತೆವಳುತ್ತಿತ್ತು. ಈ ಎಂಜಿನ್‌ಗಳಲ್ಲಿ ಸುಮಾರು 200 ಬಾರ್ ದಾಟದೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನೋಝಲ್ ತೆರೆಯುವುದಿಲ್ಲ. ಒಂಬತ್ತನೇ ಸಲಕ್ಕೆ ಒಮ್ಮೆಲೇ 280ಕ್ಕೆ ಹಾರಿತು, ಗಾಡಿ ಹಿಡಿಯಿತು. ಆಮೇಲೆ ಬಿಸಿ ಎಂಜಿನ್‌ನಲ್ಲಿ ಆಫ್ ಮಾಡಿ ಹೊಡೆದರೆ ಅರ್ಧ ಸುತ್ತಿಗೆ ಸ್ಟಾರ್ಟ್.

ಅಲ್ಲಿಯೇ ನನಗೆ ಪಂಪ್ ಅಲ್ಲ ಎಂದು ಮುಕ್ಕಾಲು ಪಾಲು ಖಾತ್ರಿಯಾಯಿತು. ಸವೆದ ಪಂಪ್, ಸವೆದ ನೋಝಲ್ ಬಿಸಿಯಲ್ಲಿ ಕೈಕೊಡುತ್ತವೆ. ಡೀಸೆಲ್ ಬಿಸಿಯಾಗಿ ತೆಳ್ಳಗಾದ ಮೇಲೆ ಸಂದಿಯಲ್ಲಿ ಸೋರಿಕೆ ಜಾಸ್ತಿ. ಇದು ತದ್ವಿರುದ್ಧ. ರಾತ್ರಿಯಿಡೀ ನಿಂತ ಮೇಲೆ ಮಾತ್ರ ತೊಂದರೆ ಎಂದರೆ ಎಣ್ಣೆ, ಅಂದರೆ ಡೀಸೆಲ್, ಹಿಂದಕ್ಕೆ ಟ್ಯಾಂಕಿಗೆ ಇಳಿದು ಪೈಪಿನಲ್ಲಿ ಏರ್ ತುಂಬಿರುವ ಸಾಧ್ಯತೆಯೇ ಹೆಚ್ಚು. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಒತ್ತಿದರೆ ಗಟ್ಟಿಯಾಗಲು ಮೂವತ್ತು ನಲವತ್ತು ಸಲ ಬೇಕಾಗಿತ್ತು. ಆದರೆ ಕೆಳಗೆ ಎಲ್ಲಿಯೂ ಒಂದು ಹನಿ ಡೀಸೆಲ್ ಇಲ್ಲ. ಹಿಂದಿನ ಇಬ್ಬರೂ ಸೋರಿಕೆ ಇಲ್ಲ ಎಂದು ಬಿಟ್ಟದ್ದು ಇದೇ ಕಾರಣಕ್ಕೆ.

ಹೀಟರ್ ಪ್ಲಗ್ ಮಾತು ಬಂದದ್ದಕ್ಕೆ ಒಂದು ವಿಷಯ. ನನ್ನ ಸ್ವಂತ ಗಾಡಿಯಲ್ಲಿ ಒಂದು ಡಿಸೆಂಬರಿನಿಂದ ಫೆಬ್ರವರಿವರೆಗೆ ಹೀಟರ್ ಪ್ಲಗ್ ಫ್ಯೂಸ್ ತೆಗೆದಿಟ್ಟು ಓಡಿಸಿದ್ದೆ. ಒಂದು ದಿನವೂ ಕೈಕೊಡಲಿಲ್ಲ. ಹೆಚ್ಚೆಂದರೆ ಒಂದು ಸೆಕೆಂಡ್ ಜಾಸ್ತಿ ಸೆಲ್ಫ್, ಸ್ವಲ್ಪ ಬಿಳಿ ಹೊಗೆ. ನಮ್ಮ ಕರಾವಳಿಯ ಚಳಿಗೆ, ಡೀಸೆಲನ್ನು ನೇರ ಸಿಲಿಂಡರಿಗೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಹೆದರುವುದಿಲ್ಲ. ಇಲ್ಲಿ ಸ್ಟಾರ್ಟ್ ಆಗುವುದಿಲ್ಲ ಎಂದು ಬಂದ ಕಾಮನ್ ರೈಲ್ ಗಾಡಿಗೆ ಮೊದಲೇ ಹೀಟರ್ ಪ್ಲಗ್ ಬದಲಿಸುವುದು ಗಿರಾಕಿಯ ದುಡ್ಡು ದಂಡ ಮಾಡಿದ ಹಾಗೆ. ಮೊದಲು ಪಕ್ಕದ ಸಣ್ಣ ಕೋಣೆಗೆ ಸಿಂಪಡಿಸುವ ಹಳೆಯ ಐಡಿಐ (ಇನ್‌ಡೈರೆಕ್ಟ್ ಇಂಜೆಕ್ಷನ್) ಎಂಜಿನ್‌ಗೆ ಈ ಮಾತು ಅನ್ವಯಿಸುವುದಿಲ್ಲ, ಅದಕ್ಕೆ ಇಲ್ಲಿಯೂ ಪ್ಲಗ್ ಬೇಕೇ ಬೇಕು.

ಮಾಸ್ಟ್ರನ್ನು ಕೂರಿಸಿ ಚಹಾ ಕೊಟ್ಟು ಕೇಳಿದೆ. "ಮಾಸ್ಟ್ರೆ, ಒಂದು ದಿನವಾದರೂ ಬೆಳಗ್ಗೆ ಸರಿಯಾಗಿ ಸ್ಟಾರ್ಟ್ ಆದದ್ದು ಉಂಟಾ?" ಅವರು ಯೋಚಿಸಿ ಎರಡು ಮಾತು ಹೇಳಿದರು. ಕುಂದಾಪುರದ ಮಗಳ ಮನೆಯಲ್ಲಿ ನಿಲ್ಲಿಸಿದರೆ ತೊಂದರೆ ಇಲ್ಲ. ಟ್ಯಾಂಕ್ ಫುಲ್ ಮಾಡಿಸಿದರೆ ಮೂರು ನಾಲ್ಕು ದಿನ ತೊಂದರೆ ಇಲ್ಲ. ಫುಲ್ ಮಾಡಿಸಿದ್ದು ಬೇರೆ ಬಂಕಿನಲ್ಲಿ ಆದ್ದರಿಂದ ಅಲ್ಲಿಯ ಡೀಸೆಲ್ ಒಳ್ಳೆಯದು ಎಂದು ತಿಳಿದುಕೊಂಡಿದ್ದರು. ಮಣಿಪಾಲದ ಮನೆಯ ಅಂಗಳ ಹೇಗಿದೆ ಎಂದು ಕೇಳಿದೆ. ಇಳಿಜಾರು, ಗಾಡಿಯ ಮೂತಿ ಮೇಲಕ್ಕೆ. ನನಗೆ ಅಷ್ಟು ಸಾಕಾಯಿತು.

ಆ ರಾತ್ರಿ ಗ್ಯಾರೇಜಿನಲ್ಲಿ ಎರಡು ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಜೋಡಿಸಿ ಮುಂದಿನ ಚಕ್ರ ಹತ್ತಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು ಬಿಟ್ಟೆ. ಬೆಳಗ್ಗೆ ಏಳೂವರೆಗೆ ಹೆಲ್ಪರ್ ಹುಡುಗ ಎಣಿಸಿದ, ಹನ್ನೊಂದನೇ ಸಲಕ್ಕೆ ಹಿಡಿಯಿತು. ಮರುರಾತ್ರಿ ಅದೇ ಕಲ್ಲು ಹಿಂದಿನ ಚಕ್ರದ ಕೆಳಗೆ. ಬೆಳಗ್ಗೆ ಮೊದಲ ಸಲಕ್ಕೆ ಸ್ಟಾರ್ಟ್. ಒಂದು ರೂಪಾಯಿಯ ಸಾಮಾನು ಬಿಚ್ಚದೆ ಅರ್ಧ ಕೆಲಸ ಮುಗಿದಿತ್ತು. ಮಾಸ್ಟ್ರು ಮಾತ್ರ ಎರಡು ದಿನ ಬಸ್ಸಿನಲ್ಲಿ ಓಡಾಡಿದರು, ಪಾಪ, ಒಂದು ಮಾತು ಆಡಲಿಲ್ಲ.

ಇನ್ನು ಬಾಟಲಿ. ನಾವು ಇದನ್ನು ಗ್ಲೂಕೋಸ್ ಹಾಕುವುದು ಎನ್ನುತ್ತೇವೆ. ಎರಡು ಲೀಟರಿನ ದಪ್ಪ ಪ್ಲಾಸ್ಟಿಕ್ ಕ್ಯಾನ್, ತಳದಲ್ಲಿ ಕಾಕ್, ಮೇಲೆ ಗಾಳಿಗೆ ಸಣ್ಣ ತೂತು. ಬಾನೆಟ್ ಕೊಕ್ಕೆಗೆ ನೇತು ಹಾಕಿದರೆ ಪಂಪಿಗಿಂತ ಎರಡಡಿ ಎತ್ತರದಲ್ಲಿರುತ್ತದೆ. "ಕಾಮನ್ ರೈಲಿಗೆ ಸಾವಿರ ಬಾರ್ ಬೇಕು, ನಿನ್ನ ಬಾಟಲಿಯಲ್ಲಿ ಎಷ್ಟಿದೆ?" ಎಂದು ಕೇಳಿದವರು ಬಹಳ. ಆ ಪ್ರೆಶರ್ ಮಾಡುವುದು ಪಂಪ್. ಪಂಪಿನ ಬಾಯಿಗೆ ಏರ್ ಇಲ್ಲದ ಎಣ್ಣೆ ಸಿಕ್ಕಿದರೆ ಸಾಕು. ಟ್ಯಾಂಕಿನಲ್ಲಿ ಡೀಸೆಲ್ ತಳ್ಳುವ ಮೋಟಾರ್ ಇಲ್ಲದೆ ಪಂಪೇ ಎಳೆದುಕೊಳ್ಳುವ ಗಾಡಿಗಳ ಮಾತು ಇದು. ಮೋಟಾರ್ ಇರುವ ಗಾಡಿಗೆ ಬೇರೆ ಲೆಕ್ಕ, ಅಲ್ಲಿ ಮೊದಲು ಪ್ರೆಶರ್ ಗೇಜ್ ಕಟ್ಟಬೇಕು.

ಮಿಕ್ಕ ಡೀಸೆಲನ್ನು ಟ್ಯಾಂಕಿಗೆ ಹಿಂದಕ್ಕೆ ಒಯ್ಯುವ ರಿಟರ್ನ್ ಪೈಪನ್ನೂ ಬಿಚ್ಚಿ ಇನ್ನೊಂದು ಕ್ಯಾನಿಗೆ ಬಿಡಬೇಕು. ಇದನ್ನು ಮರೆತರೆ ಎರಡು ಲೀಟರ್ ಡೀಸೆಲ್ ಗಿರಾಕಿಯ ಟ್ಯಾಂಕಿಗೆ ಹೋಗಿ ಬಾಟಲಿ ಖಾಲಿಯಾಗಿ ನೀವೇ ಪಂಪಿಗೆ ಏರ್ ಕೊಟ್ಟಂತೆ. ಪಂಪಿನ ಬಾಯಿಗೆ ನೇರ ಕೊಡುವಾಗ ಫಿಲ್ಟರ್ ತಪ್ಪಿಹೋಗುತ್ತದೆ. ಅದಕ್ಕೆ ಬಾಟಲಿಯ ಪೈಪಿನಲ್ಲಿ ಒಂದು ಫಿಲ್ಟರ್ ಇರಲೇಬೇಕು. ಮಳೆಗಾಲದಲ್ಲಿ ಬಾಟಲಿಯನ್ನು ಒಂದು ರಾತ್ರಿ ಹಾಗೇ ಇಟ್ಟು, ತಳದಲ್ಲಿ ನೀರು ನಿಂತಿದೆಯಾ ನೋಡಿಯೇ ಬಳಸುತ್ತೇನೆ.

ಮೊದಲ ದಿನ ಬೆಳಗ್ಗೆ ಪಂಪಿನ ಬಾಯಿಗೆ ಕೊಟ್ಟೆ. ಎರಡನೇ ಸುತ್ತಿಗೆ ಸ್ಟಾರ್ಟ್. ಪಂಪ್, ನೋಝಲ್, ರೈಲ್ ಎಲ್ಲ ಸರಿ ಎಂದು ಆಯಿತು. 38,000ದ ಚೀಟಿಯನ್ನು ಮಾಸ್ಟ್ರು ಅಲ್ಲಿಯೇ ಹರಿದರು. ಮಾರನೆಯ ದಿನ ಫಿಲ್ಟರಿನ ಹಿಂದೆ, ಅಂದರೆ ಟ್ಯಾಂಕಿನ ಪೈಪ್ ಬಂದು ಸೇರುವಲ್ಲಿ ಕೊಟ್ಟೆ. ಆಗಲೂ ಸ್ಟಾರ್ಟ್. ಫಿಲ್ಟರ್ ಹೌಸಿಂಗ್, ಅದರ ಓ-ರಿಂಗ್ (ರಬ್ಬರ್ ಬಳೆ) ಸರಿ. ಮೂರನೆಯ ಸಲ ಬಾಟಲಿ ತೆಗೆದು ಟ್ಯಾಂಕಿನ ಪೈಪನ್ನೇ ಸೇರಿಸಿ ನಡುವೆ ಒಂದಡಿ ಪಾರದರ್ಶಕ ಪೈಪ್ ಹಾಕಿ ಸೆಲ್ಫ್ ಹೊಡೆದೆ. ಸಾಸಿವೆ ಕಾಳಿನಷ್ಟು ಗುಳ್ಳೆ, ಮೂರು ಒಟ್ಟಿಗೆ, ಸ್ವಲ್ಪ ಬಿಟ್ಟು ಮತ್ತೆ ಮೂರು. ಆಮೇಲೆ ಬೆರಳುದ್ದದ ಒಂದು ಖಾಲಿ ಜಾಗವೇ ತೇಲಿ ಬಂತು. ಹುಡುಗ "ಬಂತು ಬಂತು" ಎಂದು ಕೂಗಿದ.

ಎಳೆಯುವ ಕಡೆಯ ತೂತು ಸಾಬೂನು ನೊರೆಗೆ ಸಿಗುವುದಿಲ್ಲ, ಅದು ಗಾಳಿಯನ್ನು ಒಳಗೆ ಎಳೆಯುತ್ತದೆ, ಹೊರಗೆ ಬಿಡುವುದಿಲ್ಲ. ಹಾಗಾಗಿ ಪೈಪಿನ ಎರಡೂ ತುದಿ ಬಿಚ್ಚಿ, ಟ್ಯಾಂಕಿನ ತುದಿಗೆ ಬಿರಡೆ ಹಾಕಿ, ಈಚೆಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಟ್ಟು ನೊರೆ ಹಚ್ಚಿದೆ. ಕಂಪ್ರೆಸರ್ ಹಿಡಿದರೆ ಪೈಪಿನ ಜಾಯಿಂಟೇ ಹೋದೀತು. ಪೈಪ್ ತಳದಿಂದ ಫೈರ್‌ವಾಲಿಗೆ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ತಿರುಗುವಲ್ಲಿ ಒಂದು ಕಬ್ಬಿಣದ ಕ್ಲಿಪ್ ಇತ್ತು. ಉಪ್ಪು ಗಾಳಿಗೆ ತುಕ್ಕು ಹಿಡಿದು ಅಂಚು ಗರಗಸದಂತೆ ಆಗಿ ನೈಲಾನ್ ಪೈಪನ್ನು ತಿಂದಿತ್ತು. ತಲೆಗೂದಲಿನಷ್ಟು ಸೀಳು, ಅದರ ಮೇಲೆ ನೊರೆಯ ಒಂದೇ ಗುಳ್ಳೆ ಉಬ್ಬಿ ಒಡೆದು ಮತ್ತೆ ಉಬ್ಬಿತು. ಸೀಳಿನ ಸುತ್ತ ಉಗುರಿನಷ್ಟು ಜಾಗದಲ್ಲಿ ಧೂಳು ಎಣ್ಣೆಗೆ ಅಂಟಿಕೊಂಡಿತ್ತು. ಟ್ಯಾಂಕ್ ತುಂಬಿದ್ದಾಗ ಎಣ್ಣೆಯ ಮಟ್ಟ ಸೀಳಿಗಿಂತ ಮೇಲೆ, ಆದ್ದರಿಂದ ಪೈಪ್ ಖಾಲಿಯಾಗುತ್ತಿರಲಿಲ್ಲ. ಮೂತಿ ಮೇಲಾಗಿ ನಿಂತು ಟ್ಯಾಂಕ್ ಅರ್ಧಕ್ಕೆ ಇಳಿದರೆ ಎಲ್ಲ ಹಿಂದಕ್ಕೆ. ಮಾಸ್ಟ್ರು ಹೇಳಿದ ಎರಡೂ ಮಾತು ಅಕ್ಷರಶಃ ಸರಿಯಾಗಿತ್ತು.

ಪೈಪಿಗೆ 450 ರೂಪಾಯಿ, ಎರಡು ಕ್ಲಿಪ್, ಕೂಲಿ 1,200. ಅಷ್ಟು ದಿನ ಜಾಗ ಹಿಡಿದದ್ದಕ್ಕೆ ನಾನು ಏನೂ ತೆಗೆದುಕೊಳ್ಳಲಿಲ್ಲ. ಕಲಿತದ್ದೇ ಹೆಚ್ಚು.

ಈಗ ಎಡವಿದ ಕಥೆ. ಮಾಸ್ಟ್ರ ಗಾಡಿಯ ನಂತರ ಹುಮ್ಮಸ್ಸು ಬಂದು, ಮಲ್ಪೆಯಿಂದ ಬಂದ ಮೀನಿನ ವ್ಯಾಪಾರಿಯ ಪಿಕಪ್‌ಗೆ ಬಾಟಲಿ ಕಟ್ಟಿದೆ. ಗುಳ್ಳೆ ಕಂಡಿತು, ಫಿಲ್ಟರ್ ಹೌಸಿಂಗ್ ಬದಲಿಸಿದೆ, 3,200. ಮಾರನೆಯ ಬೆಳಗ್ಗೆ ಮೂರು ಗಂಟೆಗೆ ಬಂದರಿಗೆ ಹೋಗಲು ಹೊರಟವರ ಫೋನ್, ಗಾಡಿ ಮತ್ತೆ ಮಲಗಿದೆ. ನೋಡಿದರೆ ಗುಳ್ಳೆ ಬರುತ್ತಿದ್ದದ್ದು ನನ್ನದೇ ಪೈಪಿನಿಂದ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಬಳಸಿದ್ದೆ. ಡೀಸೆಲಿಗೆ ಅದು ಕೆಲವೇ ದಿನದಲ್ಲಿ ಕಡ್ಡಿಯಂತೆ ಗಟ್ಟಿಯಾಗಿ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತದೆ. ಆ 3,200 ನನ್ನ ಕೈಯಿಂದ ಹೋಯಿತು. ಈಗ ಕಂಪ್ರೆಸರಿಗೆ ಬಳಸುವ ಪಾರದರ್ಶಕ ಪಿಯು (ಪಾಲಿಯುರೆಥೇನ್) ಪೈಪ್ ಮಾತ್ರ, ಅದನ್ನೂ ಮೊದಲು ಒಂದು ಒಳ್ಳೆಯ ಗಾಡಿಗೆ ಹಾಕಿ ಗುಳ್ಳೆ ಇಲ್ಲ ಎಂದು ನೋಡಿಕೊಳ್ಳುತ್ತೇನೆ.

ಇನ್ನೊಂದು ಗಾಡಿ ಓಡುತ್ತಾ ನಿಲ್ಲುತ್ತಿತ್ತು, ನಿಂತ ಮೇಲೆ ಅರ್ಧ ಗಂಟೆ ಸ್ಟಾರ್ಟ್ ಆಗುತ್ತಿರಲಿಲ್ಲ. ಬಾಟಲಿಯಲ್ಲಿ ಚೆನ್ನಾಗಿ ಓಡಿತು, ಹಾಗಾಗಿ ಟ್ಯಾಂಕಿನ ಪೈಪ್ ಪೂರ್ತಿ ಬದಲಿಸಿದೆ. ಎರಡೇ ದಿನಕ್ಕೆ ವಾಪಸ್. ಡೀಸೆಲ್ ಹಾಕಿಸಲು ಮುಚ್ಚಳ ತಿರುಗಿಸಿದಾಗ ಸುಯ್ಯೆಂದು ಗಾಳಿ ಒಳಗೆ ಎಳೆದ ಶಬ್ದ ಕೇಳಿ ಗೊತ್ತಾಯಿತು. ಟ್ಯಾಂಕಿನ ಗಾಳಿ ಪೈಪಿನ ಬಾಯಿಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಮುಚ್ಚಿತ್ತು. ಈಗ ಬಾಟಲಿ ಕಟ್ಟುವ ಮೊದಲು ಮುಚ್ಚಳ ತೆಗೆದು ಕಿವಿ ಕೊಡುವುದು ನನ್ನ ಮೊದಲ ಕೆಲಸ.

ಬಾಟಲಿಯಲ್ಲಿಯೂ ರೈಲ್ ಪ್ರೆಶರ್ ಏರದಿದ್ದರೆ ಮಾತ್ರ ಮುಂದೆ ಹೋಗುವುದು. ನಾಲ್ಕು ನೋಝಲಿನ ರಿಟರ್ನ್ ಬಿಚ್ಚಿ ನಾಲ್ಕು ಸಣ್ಣ ಬಾಟಲಿಗೆ ಬಿಟ್ಟು ಹತ್ತು ಸೆಕೆಂಡ್ ಸೆಲ್ಫ್. ಒಳ್ಳೆಯ ನೋಝಲಿನಲ್ಲಿ ಬರುವುದು ಹನಿಯ ಲೆಕ್ಕ, ಹಾಳಾದದ್ದು ಸುರಿಯುತ್ತದೆ. ಒಂದು ಬಾಡಿಗೆ ಗಾಡಿಯಲ್ಲಿ ಇದನ್ನು ಮಾಡದೆ ಅಂದಾಜಿನಲ್ಲಿ 14,000ಕ್ಕೆ ಹಳೆಯ ನೋಝಲ್ ಸೆಟ್ ತಂದು ಹಾಕಿದ್ದೆ. ಹೋಗಿದ್ದದ್ದು ಒಂದೇ. ಉಳಿದ ಮೂರು ಈಗಲೂ ನನ್ನ ಡ್ರಾಯರಿನಲ್ಲಿವೆ. ಹಳೆಯ ಪಂಪಿನ ಅಭ್ಯಾಸದಲ್ಲಿ ಏರ್ ತೆಗೆಯಲು ಹೈ ಪ್ರೆಶರ್ ಪೈಪಿನ ನಟ್ ಸಡಿಲಿಸುವ ಹುಡುಗರಿದ್ದಾರೆ. ಕಾಮನ್ ರೈಲಿನಲ್ಲಿ ಯಾವ ಕಾರಣಕ್ಕೂ ಬೇಡ, ಆ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಸ್ಟಾರ್ಟ್ ಆಗಲಿ ಎಂದು ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದೂ ಬೇಡ, ಪಿಸ್ಟನ್ ಉಳಿಯುವುದಿಲ್ಲ.

ಅಡಾಪ್ಟರ್ ಹೇಗೆ ಮಾಡಿಸಿದೆ ಎಂದು ಪಂಪ್ ರೂಮಿನವರಿಗೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಬೈಕಂಪಾಡಿಯ ಲೇತಿನಲ್ಲಿ ಆರು ಸಲ ತಪ್ಪಿ ಏಳನೆಯದು ಸರಿಯಾದದ್ದು, ಅದಕ್ಕೆ ಹಾಕಿದ ದುಡ್ಡು ಇನ್ನೂ ಹುಟ್ಟಿಲ್ಲ. ಸೆಲ್ಫಿನ ಶಬ್ದ ಕೇಳಿಯೇ ಏರ್ ಹಿಡಿದಿದೆ ಎಂದು ಹೇಗೆ ಹೇಳುತ್ತೇನೆ ಎಂಬುದೂ ನನ್ನ ಹುಡುಗನಿಗೆ ಮಾತ್ರ ಗೊತ್ತು.

ಮಾಸ್ಟ್ರ ಗಾಡಿ ಎರಡು ಮಳೆಗಾಲ ಕಳೆಯಿತು, ಈಗಲೂ ಅದೇ ಅಂಗಳದಲ್ಲಿ ಮೂತಿ ಮೇಲೆ ಮಾಡಿಯೇ ನಿಲ್ಲುತ್ತದೆ. ನಿನ್ನೆ ಸಂಜೆ ಕಾಪುವಿನಿಂದ ಒಂದು ಎಸ್‌ಯುವಿ ಬಂದಿದೆ, ಅವರ ಕೈಯಲ್ಲಿಯೂ ಒಂದು ಪಂಪ್ ಕೊಟೇಶನ್, 52,000. ಮುಂದಿನ ಚಕ್ರ ಮುರಕಲ್ಲಿನ ಮೇಲೆ ಹತ್ತಿಸಿ ಬಂದಿದ್ದೇನೆ, ಬೆಳಗ್ಗೆ ಏಳೂವರೆಗೆ ಸೆಲ್ಫ್ ಹೊಡೆದು ನೋಡಬೇಕು.