16 ಚೀಲ ಬಿಚ್ಚಿ 200 ಚೀಲಕ್ಕೆ ಬೆಲೆ ಹೇಳುವುದು

ಗೇರುಬೀಜಕ್ಕೆ ಬೆಲೆ ಕಟ್ಟುವುದು ಒಳಗಿನ ತಿರುಳು ನೋಡಿ. ತಿರುಳು ಕಾಣಬೇಕಾದರೆ ಬೀಜ ಒಡೆಯಬೇಕು; ಒಡೆದ ಬೀಜವನ್ನು ಮಾರಿದವನಿಗೆ ವಾಪಸು ಕೊಡಲಾಗುವುದಿಲ್ಲ. 80 ಕೆ.ಜಿ.ಯ 200 ಚೀಲ, ಅಂದರೆ 16 ಟನ್ ಹೊತ್ತ ಲಾರಿ ಅಂಗಳದಲ್ಲಿ ನಿಂತಿರುವಾಗ ಕೆಲವೇ ಚೀಲ ಬಿಚ್ಚಿ, ಕೆಲವೇ ಕಿಲೋ ಕತ್ತರಿಸಿ, ಇಡೀ ಲೋಡಿನ ಬಗ್ಗೆ ಮಾತು ಹೇಳಬೇಕು. ಕಾರ್ಕಳದಿಂದ ಗೋವಾಕ್ಕೆ ಬಂದು ಸತ್ತರಿ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಮಾಡುತ್ತಿರುವ ಕೆಲಸ ಇದು. ಕಾಲೇಜಿನಲ್ಲಿ ಓದಿದ ಸಂಖ್ಯಾಶಾಸ್ತ್ರ ನನಗೆ ಇಲ್ಲಿ ದಿನನಿತ್ಯದ ಉಪಕರಣವಾಗಿದೆ, ಅದರಲ್ಲೂ ಕಾನ್ಫಿಡೆನ್ಸ್ ಇಂಟರ್‌ವಲ್, ಅಂದರೆ ಮಾದರಿಯಿಂದ ಸಿಕ್ಕ ಅಂದಾಜಿನ ಎರಡು ಬದಿಗೂ ಲೆಕ್ಕ ಹಾಕಿ ಬಿಡುವ ಅಂತರ. ಇಲ್ಲಿ ಅದನ್ನು ವ್ಯಾಪ್ತಿ ಎಂದೇ ಕರೆಯುತ್ತೇನೆ.

ಮೊದಲು ಕಟ್ಟಿಂಗ್ ಟೆಸ್ಟ್ ಹೇಗೆಂದು ತಿಳಿದಿರಲಿ. ಚೀಲದ ಹೊಲಿಗೆ ಬಿಚ್ಚಿ, ಮೇಲಿನಿಂದ, ನಡುವಿನಿಂದ, ಬುಡದಿಂದ ಬೀಜ ತೆಗೆದು ಕಲಸಿ 1 ಕೆ.ಜಿ. ತೂಗುತ್ತೇವೆ. ಒಂದೊಂದೇ ಬೀಜ ಕತ್ತರಿಸಿ ತಿರುಳನ್ನು ಬೇರೆ ಮಾಡುತ್ತೇವೆ. ಒಳ್ಳೆಯ ತಿರುಳು ಒಂದು ಕಡೆ. ಕಲೆ ಬಿದ್ದದ್ದು, ಬಲಿಯದ್ದು ಇನ್ನೊಂದು ಕಡೆ. ಹುಳ ಹಿಡಿದದ್ದು, ಎಣ್ಣೆ ಇಳಿದದ್ದು ಹೊರಗೆ. ಒಳ್ಳೆಯದರ ತೂಕ ಪೂರ್ತಿ, ಎರಡನೆಯದರ ತೂಕ ಅರ್ಧ. ಉದಾಹರಣೆಗೆ 258 ಗ್ರಾಂ ಒಳ್ಳೆಯದು, 22 ಗ್ರಾಂ ಕಲೆಯದ್ದು ಬಂದರೆ 258 ಕೂಡಿಸು 11, ಒಟ್ಟು 269 ಗ್ರಾಂ. 80 ಕೆ.ಜಿ. ಚೀಲಕ್ಕೆ ಅದು 21.52 ಕೆ.ಜಿ., ಪೌಂಡಿನಲ್ಲಿ 47.4. ಇದನ್ನೇ ಔಟ್‌ಟರ್ನ್ ಎನ್ನುತ್ತೇವೆ. ಔಟ್‌ಟರ್ನ್‌ನಲ್ಲಿ ಒಂದೇ ಒಂದು ಪೌಂಡ್ ಹೆಚ್ಚುಕಡಿಮೆಯಾದರೂ 200 ಚೀಲದ ಲಾರಿಗೆ ಸುಮಾರು 91 ಕೆ.ಜಿ. ತಿರುಳಿನ ವ್ಯತ್ಯಾಸ. ಅಷ್ಟು ತಿರುಳು ಯಾರ ಕೈಯಿಂದ ಹೋಗುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಮಾರುವವರು ವಾಳಪೈ ಸುತ್ತಿನ ಸಣ್ಣ ತೋಟದವರಿಂದ ಕೂಡಿಸಿ ತರುವವರು, ಅವರಿಗೂ ನ್ಯಾಯ ಸಿಗಬೇಕು.

ಯಾವ ಚೀಲ ಬಿಚ್ಚಬೇಕು ಎಂಬುದನ್ನು ಲಾರಿಯ ಹಿಂಬದಿ ತೆರೆಯುವ ಮೊದಲೇ ತೀರ್ಮಾನಿಸಿರುತ್ತೇನೆ. 1ರಿಂದ 200ರೊಳಗೆ 16 ಸಂಖ್ಯೆಗಳನ್ನು ಫೋನಿನಲ್ಲಿ ಚೀಟಿ ಎತ್ತಿದಂತೆ ತೆಗೆಸಿ, ಬರೆದು, ಹಮಾಲಿ ಮುಖಂಡರ ಕೈಗೆ ಕೊಡುತ್ತೇನೆ. ವಿಜಯಪುರದ ಕಡೆಯವರು ಅವರು. ಇಳಿಸುತ್ತಾ ಎಣಿಸುತ್ತಾರೆ, "ಸಾಹೇಬ್ರ, ನೂರಾ ನಲವತ್ತಮೂರು ಬಂತು ನೋಡ್ರಿ" ಎಂದು ಕೂಗಿದರೆ ಆ ಚೀಲ ಪಕ್ಕಕ್ಕೆ. ಕೈಗೆ ಹತ್ತಿರ ಇದ್ದದ್ದು, ನೋಡಲು ಚೆನ್ನಾಗಿದ್ದದ್ದು ಅಂತ ಯಾವ ಆಯ್ಕೆಯೂ ಇಲ್ಲ. ಎಲ್ಲ ಚೀಲಕ್ಕೂ ಸಮಾನ ಅವಕಾಶ ಇಲ್ಲದೆ ಹೋದರೆ ಮುಂದಿನ ಲೆಕ್ಕವೆಲ್ಲ ಕಾಗದದ ಮೇಲಿನ ಅಲಂಕಾರ ಅಷ್ಟೆ.

ಒಂದು ಲೆಕ್ಕ ನೋಡಿ. 16 ಚೀಲಗಳ ಔಟ್‌ಟರ್ನ್ ಸರಾಸರಿ 47.5 ಪೌಂಡ್, ಚೀಲದಿಂದ ಚೀಲಕ್ಕೆ ಇರುವ ಏರುಪೇರು, ಅಂದರೆ ಮಾನಕ ವಿಚಲನೆ, 2.4 ಎಂದುಕೊಳ್ಳಿ. 16ರ ವರ್ಗಮೂಲ 4. 2.4ನ್ನು 4ರಿಂದ ಭಾಗಿಸಿದರೆ 0.6, ಇದು ಸರಾಸರಿಯ ಮಾನಕ ದೋಷ, ಅಂದರೆ ಸರಾಸರಿ ಎಷ್ಟು ಆಚೀಚೆ ಆಗಬಹುದು ಎಂಬುದರ ಅಳತೆ. ನೂರಕ್ಕೆ 95ರ ಭರವಸೆಯ ವ್ಯಾಪ್ತಿಗೆ ಇದನ್ನು ಒಂದು ಸಂಖ್ಯೆಯಿಂದ ಗುಣಿಸಬೇಕು, ಆದರೆ ಪಠ್ಯಪುಸ್ತಕದಲ್ಲಿ ಎಲ್ಲರೂ ಬಾಯಿಪಾಠ ಮಾಡಿದ 1.96ನ್ನು ಇಲ್ಲಿ ಹಾಕಬಾರದು. ಏರುಪೇರನ್ನೂ ಇದೇ 16 ಚೀಲದಿಂದ ಅಂದಾಜು ಮಾಡಿದ್ದೇವೆ, ಅದಕ್ಕೆ ತೆರಬೇಕಾದ ಬೆಲೆ ಬೇರೆ. ಆ ಬೆಲೆ ಎಷ್ಟೆಂದು 1908ರಲ್ಲಿ ತೋರಿಸಿಕೊಟ್ಟವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್, 'ಸ್ಟುಡೆಂಟ್' ಎಂಬ ಹೆಸರಿನಲ್ಲಿ. ಸಣ್ಣ ಮಾದರಿಯ ಕಷ್ಟ ಕಾರ್ಖಾನೆಯವನಿಗೇ ಗೊತ್ತಾಗುವುದು ಎಂದು ನನಗೆ ಅವರ ಮೇಲೆ ವಿಶೇಷ ಪ್ರೀತಿ. ಅವರ ಆ ಹೆಸರಿನ ಟಿ ಕೋಷ್ಟಕದಲ್ಲಿ 15ರ ಸಾಲಿಗೆ, ಅಂದರೆ 16ಕ್ಕಿಂತ ಒಂದು ಕಡಿಮೆ, 2.131 ಇದೆ. 0.6ಕ್ಕೆ ಗುಣಿಸಿದರೆ 1.28. ವ್ಯಾಪ್ತಿ 46.2ರಿಂದ 48.8. 200ರಲ್ಲಿ 16 ತೆಗೆದದ್ದಕ್ಕಾಗಿ ಸ್ವಲ್ಪ ಕಡಿತ ಸಿಗುತ್ತದೆ, 1.28 ಇದ್ದದ್ದು 1.23 ಆಗುತ್ತದೆ. ಅಷ್ಟಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ಆ ಕಡಿತ ಅಷ್ಟು ಸಣ್ಣದು ಎಂಬುದರಲ್ಲೇ ಒಂದು ದೊಡ್ಡ ವಿಷಯ ಅಡಗಿದೆ. ನೂರಕ್ಕೆ ಹತ್ತು ಚೀಲ ನೋಡಬೇಕು ಎಂಬ ರೂಢಿ ಅನೇಕ ಕಡೆ ಇದೆ. ನ್ಯಾಯವಾಗಿ ಕಾಣುತ್ತದೆ, ಆದರೆ 50 ಚೀಲದ ಟೆಂಪೋ ಬಂದಾಗ 5 ಚೀಲವೇ ಸಿಗುತ್ತದೆ. ಅದೇ ಏರುಪೇರಿಗೆ ಆಗ ಎರಡು ಬದಿಗೂ ಸುಮಾರು 3 ಪೌಂಡ್ ಬಿಡಬೇಕಾಗುತ್ತದೆ, ಬೆಲೆ ಹೇಳಲು ಅದು ಉಪಯೋಗಕ್ಕೇ ಬಾರದು. ವ್ಯಾಪ್ತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಷ್ಟು ಚೀಲ ಬಿಚ್ಚಿದಿರಿ ಎಂಬುದು. ಲೋಡು ಎಷ್ಟು ದೊಡ್ಡದು ಎಂಬುದರ ಪಾತ್ರ ತೀರಾ ಕಡಿಮೆ. 50 ಚೀಲಕ್ಕೂ ನಾನು 16ರ ಹತ್ತಿರವೇ ಇರುತ್ತೇನೆ, 400 ಚೀಲಕ್ಕೂ ಅಷ್ಟೇ. ವ್ಯಾಪ್ತಿ ಅರ್ಧವಾಗಬೇಕಾದರೆ ಚೀಲ ನಾಲ್ಕು ಪಟ್ಟು, ಅಂದರೆ 64. ಕತ್ತರಿಸುವ ಹೆಂಗಸರ ಒಂದಿಡೀ ದಿನ ಅದಕ್ಕೇ ಹೋಗುತ್ತದೆ. ಬೆಲೆಯಲ್ಲಿ ದೊಡ್ಡ ತಕರಾರು ಇದ್ದಾಗ ಮಾತ್ರ ಅಷ್ಟು ದೂರ ಹೋಗುತ್ತೇನೆ.

ಈ ಕೆಲಸದಲ್ಲಿ ನಾನು ಹಟ ಹಿಡಿದು ಹೇಳುವ ಮಾತು ಒಂದೇ: ಎಣಿಸಬೇಕಾದ್ದು ಚೀಲ, ಕಿಲೋ ಅಲ್ಲ. 16 ಕೆ.ಜಿ. ಕತ್ತರಿಸಿದರೆ ಸಾಕಲ್ಲ, ಎರಡು ಚೀಲದಿಂದ ಎಂಟೆಂಟು ಕಿಲೋ ತೆಗೆದರೆ ಹೊಲಿಗೆ ಬಿಚ್ಚುವ ಕೆಲಸವೂ ಉಳಿಯಿತು ಎಂದು ಕೇಳುವವರಿದ್ದಾರೆ. ಒಂದು ಚೀಲದೊಳಗಿನ ಬೀಜ ಸಾಮಾನ್ಯವಾಗಿ ಒಂದೇ ತೋಟದ್ದು, ಒಂದೇ ಅಂಗಳದಲ್ಲಿ ಒಣಗಿದ್ದು. ಅದೇ ಚೀಲದಿಂದ ಎರಡನೇ ಕಿಲೋ ತೆಗೆದರೆ ಮೊದಲನೆಯದು ಹೇಳಿದ್ದನ್ನೇ ಹೇಳುತ್ತದೆ. ಮೇಲಿನ ಉದಾಹರಣೆಯ ಏರುಪೇರಿನಲ್ಲಿ ಚೀಲದೊಳಗಿನ ಮಾನಕ ವಿಚಲನೆ ಬರೀ 0.8 ಇದ್ದು ಉಳಿದದ್ದೆಲ್ಲ ಚೀಲ ಚೀಲಗಳ ನಡುವಿನದ್ದಾದರೆ, ಎರಡು ಚೀಲದ 16 ಕಿಲೋದಿಂದ ಬರುವ ಸರಾಸರಿಯ ಮಾನಕ ದೋಷ ಸುಮಾರು 1.6. ಹದಿನಾರು ಚೀಲದ 16 ಕಿಲೋಗೆ ಅದು 0.6. ಕತ್ತರಿಸಿದ ಬೀಜ ಅಷ್ಟೇ, ಕೂಲಿ ಅಷ್ಟೇ. ಅಪಾಯ ಇನ್ನೂ ಮುಂದಿದೆ. ಆ 16 ಫಲಿತಾಂಶಗಳನ್ನು ಪ್ರತ್ಯೇಕ ಎಂದು ತಿಳಿದು ಸೂತ್ರಕ್ಕೆ ಹಾಕಿದರೆ, ಎರಡು ಚೀಲ ಒಂದಕ್ಕೊಂದು ಹತ್ತಿರವಿದ್ದ ದಿನ ವ್ಯಾಪ್ತಿ ಬಹಳ ಕಿರಿದಾಗಿ ಬರುತ್ತದೆ. ನೋಡಿದವರಿಗೆ ಎಷ್ಟು ಖಚಿತ ಎನಿಸುತ್ತದೆ! ಸೂತ್ರಕ್ಕೆ ಚೀಲ ಗೊತ್ತಿಲ್ಲ, ಅದನ್ನು ತಿಳಿದಿರಬೇಕಾದವರು ನಾವು.

"ಒಂದೇ ನಂಬ್ರ ಹೇಳು ಮಾರಾಯ" ಎನ್ನುತ್ತಾರೆ ನಮ್ಮ ಧಣಿಗಳು. "ಒಂದೇ ಬೇಕಾದರೆ 47.5 ಧಣಿ, ಆದರೆ ಎರಡು ಬದಿಗೂ ಒಂದೂಕಾಲು ಪೌಂಡ್ ಬಿಟ್ಟೇ ಮಾತಾಡಿ" ಎನ್ನುತ್ತೇನೆ. ಮುಂದಿನ ಪ್ರಶ್ನೆ ಯಾವಾಗಲೂ ಬರುತ್ತದೆ: ಹಾಗಾದರೆ ನಿಜವಾದ ಔಟ್‌ಟರ್ನ್ ಇದರೊಳಗೆ ಇರುವ ಸಾಧ್ಯತೆ ನೂರಕ್ಕೆ 95 ಅಲ್ಲವೇ? ಈ ವಿಧಾನವನ್ನು 1937ರಲ್ಲಿ ಕ್ರಮವಾಗಿ ಕಟ್ಟಿಕೊಟ್ಟ ಸಂಖ್ಯಾಶಾಸ್ತ್ರಜ್ಞ ಯೆರ್ಜಿ ನೈಮನ್ ಹಾಗೆ ಹೇಳಲಿಲ್ಲ. ಈ ಲಾರಿಯ ನಿಜವಾದ ಔಟ್‌ಟರ್ನ್ ಈಗಾಗಲೇ ನಿಂತುಬಿಟ್ಟಿದೆ, ಅದು 46.2 ಮತ್ತು 48.8ರ ನಡುವೆ ಇದೆ ಅಥವಾ ಇಲ್ಲ. 95 ಎಂಬುದು ನಾವು ಮಾಡುವ ಕೆಲಸದ ಗುಣ. ಹೀಗೇ ಚೀಟಿ ಎತ್ತಿ, ಹೀಗೇ ಲೆಕ್ಕ ಹಾಕುತ್ತಾ ಹೋದರೆ ನೂರು ಲಾರಿಗಳಲ್ಲಿ ಸುಮಾರು 95ಕ್ಕೆ ನಮ್ಮ ವ್ಯಾಪ್ತಿಯೊಳಗೆ ನಿಜ ಸಿಕ್ಕಿರುತ್ತದೆ. ವರ್ಷವಿಡೀ ಖರೀದಿ ಮಾಡುವವರಿಗೆ ಬೇಕಾದ ಭರವಸೆಯೂ ಅದೇ ಎಂದು ನಾನು ನಂಬಿದ್ದೇನೆ.

ಕಾರ್ಖಾನೆಯಲ್ಲಿ ಒಂದು ಅನುಕೂಲವಿದೆ. ಆಮೇಲೆ ಇಡೀ ಲೋಡು ಕತ್ತರಿಸುವ ಮೇಜಿಗೆ ಬರುತ್ತದೆ, ತಿರುಳೆಲ್ಲ ತೂಕಕ್ಕೆ ಬೀಳುತ್ತದೆ. ಲೋಡುಗಳನ್ನು ಬೆರೆಸದೆ ಇಟ್ಟಾಗ ಆ ತೂಕವನ್ನು ನನ್ನ ವ್ಯಾಪ್ತಿಯ ಪಕ್ಕದಲ್ಲಿ ಬರೆಯುತ್ತೇನೆ. ಬೀಜ ಹಬೆಯಲ್ಲಿ ಬೆಂದಿರುವುದರಿಂದ ತೇವ ಬೇರೆ, ನೇರ ಹೋಲಿಕೆ ಸಲ್ಲದು; ತಿರುಳು ಒಣಗಿಸುವ ಒಲೆಯಾದ ಬೋರ್ಮಾಕ್ಕೆ ಹೋಗಿ ಒಣಗಿದ ಮೇಲಂತೂ ಇನ್ನೂ ಬೇರೆ. ಆದರೂ ವ್ಯತ್ಯಾಸ ಸದಾ ಒಂದೇ ಬದಿಗೆ ವಾಲುತ್ತಿದ್ದರೆ ಸ್ಯಾಂಪಲ್ ತೆಗೆಯುವ ರೀತಿಯನ್ನು ಮತ್ತೆ ನೋಡಬೇಕು. ವಾಲಿಕೆಗೆ ವ್ಯಾಪ್ತಿಯಲ್ಲಿ ಮದ್ದಿಲ್ಲ. ಇದನ್ನು ನಮ್ಮ ದೇಶದ ಹೊಲಗಳಲ್ಲೇ ತೋರಿಸಿದವರು ಸಾತಾರಾ ಜಿಲ್ಲೆಯಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಲಂಡನ್‌ನಲ್ಲಿ ನೈಮನ್ ಅವರ ಬಳಿ ಕಲಿತ ಪಾಂಡುರಂಗ ಸುಖಾತ್ಮೆ. 1940ರ ದಶಕದ ಬೆಳೆ ಕಟಾವು ಸಮೀಕ್ಷೆಗಳಲ್ಲಿ, ತೀರಾ ಸಣ್ಣ ತುಂಡು ಅಳೆದು ಕೊಯ್ದರೆ ಗೆರೆಯ ಮೇಲಿನ ಗಿಡಗಳು ಒಳಗೇ ಸೇರಿಬಿಟ್ಟು ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂದು ಅವರು ಎತ್ತಿ ತೋರಿಸಿದರು. ಅಂಥ ತುಂಡುಗಳನ್ನು ಸಾವಿರ ಕೊಯ್ದರೂ ತಪ್ಪು ಹಾಗೇ ಉಳಿಯುತ್ತದೆ, ವ್ಯಾಪ್ತಿ ಮಾತ್ರ ಕಿರಿದಾಗುತ್ತದೆ. ಮೇಲಿನ ಸಾಲಿನ ಚೀಲ ಮಾತ್ರ ಬಿಚ್ಚುವುದೂ ಅದೇ ಜಾತಿಯದ್ದು.

ತಿರುಳು ತುಂಬುವ ಡಬ್ಬಗಳ ವಿಷಯಕ್ಕೆ ಬೇರೆಯೇ ಲೆಕ್ಕ. 25 ಪೌಂಡ್‌ನ 60 ಡಬ್ಬ ಪರೀಕ್ಷಿಸಿ ಒಂದರಲ್ಲೂ ಸೋರಿಕೆ ಕಾಣದಿದ್ದರೆ ಸೋರಿಕೆ ಇಲ್ಲವೇ ಇಲ್ಲ ಎಂದಲ್ಲ. ಒಂದೂ ದೋಷ ಕಾಣದಾಗ ಬಳಸುವ ಸರಳ ಸೂತ್ರದಂತೆ 3ನ್ನು 60ರಿಂದ ಭಾಗಿಸಿ, ನೂರಕ್ಕೆ 5ರವರೆಗೂ ಇರಬಹುದು ಎಂದು ಬರೆಯುತ್ತೇನೆ.

ಖರೀದಿಯ ತೀರ್ಮಾನಕ್ಕೆ ನಾನು ನೋಡುವುದು ಕೆಳಗಿನ ತುದಿಯನ್ನು. ಒಂದೇ ಬದಿಯ ಮಿತಿ ಸಾಕಾದಾಗ 2.131ರ ಜಾಗದಲ್ಲಿ 1.753 ಬರುತ್ತದೆ, 47.5ರಿಂದ 1.05 ಕಳೆದರೆ ಸುಮಾರು 46.4. ಮಾರುವವರು 48 ಎನ್ನುತ್ತಿದ್ದರೆ ಅವರ ಮಾತು ಸುಳ್ಳೆನ್ನಲು ನನ್ನ ಹತ್ತಿರ ಆಧಾರವಿಲ್ಲ, 48 ವ್ಯಾಪ್ತಿಯೊಳಗೇ ಇದೆ. ಅದನ್ನು ಅವರಿಗೇ ಕೊಂಕಣಿಯಲ್ಲಿ ಹೇಳುತ್ತೇನೆ. ಧಣಿಗಳಿಗೆ 46.4ಕ್ಕೆ ನಷ್ಟವಾಗದ ಬೆಲೆಯನ್ನು ಹೇಳುತ್ತೇನೆ. ಮಾತು ಕೂಡದಿದ್ದರೆ ಇನ್ನಷ್ಟು ಚೀಲ ಬಿಚ್ಚುತ್ತೇವೆ, ಅವರ ಕಣ್ಣೆದುರಿಗೇ, ಹೊಸ ಚೀಟಿ ಎತ್ತಿ. ಲೋಡಿನಲ್ಲಿ ಎರಡು ಊರಿನ ಬೀಜ ಬೇರೆ ಬೇರೆ ಚೀಲದಲ್ಲಿದೆ ಎಂದು ಮೊದಲೇ ತಿಳಿದರೆ ಒಂದೊಂದರಿಂದ ಎಂಟೆಂಟು ಚೀಲ ಎತ್ತಿ, ಸರಾಸರಿ ಬೇರೆ ಬೇರೆ ತೆಗೆದು, ಚೀಲದ ಪಾಲಿನಂತೆ ಕೂಡಿಸುತ್ತೇನೆ. ಊರಿಂದೂರಿಗೆ ಇರುವ ವ್ಯತ್ಯಾಸ ಆಗ ಲೆಕ್ಕದ ಏರುಪೇರಿನಿಂದ ಹೊರಗೆ ಬೀಳುತ್ತದೆ, ಅದೇ 16 ಚೀಲದಲ್ಲಿ ವ್ಯಾಪ್ತಿ ಇನ್ನೂ ಕಿರಿದಾಗುತ್ತದೆ. ಅದಕ್ಕೇ ಲಾರಿ ಬಂದ ಕೂಡಲೇ ನಾನು ಮೊದಲು ಕೇಳುವುದು, ಯಾವ ಚೀಲ ಯಾವ ಊರಿನದ್ದು ಎಂದು.