ನಾಳೆಗೆ ದೂಡುವ ಮನೆಗೆಲಸ: ನಾನು ಮಾಡಿಕೊಂಡ ಏರ್ಪಾಡು

‘ಕಪಾಟು ಸ್ವಚ್ಛ ಮಾಡುವುದು’ ಎಂದು ಚೀಟಿಯಲ್ಲಿ ಬರೆದಿಟ್ಟರೆ ಆ ಕೆಲಸ ಚೌತಿಯವರೆಗೂ ಹಾಗೇ ಇರುತ್ತದೆ. ‘ಕೆಳಗಿನ ಖಾನೆಯ ಹೊದಿಕೆ ತೆಗೆದು ಜಗಲಿಯ ಹಗ್ಗಕ್ಕೆ ಹಾಕುವುದು’ ಎಂದು ಬರೆದರೆ ಅವತ್ತೇ ಆಗುತ್ತದೆ. ಮೊದಲನೆಯದನ್ನು ಓದಿದಾಗ ಕೈಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಎಲ್ಲಿಂದ ಸುರು, ತೆಗೆದದ್ದನ್ನು ಎಲ್ಲಿಡುವುದು, ಬೂಸ್ಟು ಹಿಡಿದ ಬಟ್ಟೆ ಸಿಕ್ಕರೆ ಏನು ಗತಿ, ಇಷ್ಟೂ ಲೆಕ್ಕ ಒಟ್ಟಿಗೇ ತಲೆಯಲ್ಲಿ ಏಳುತ್ತದೆ. ಅಷ್ಟರಲ್ಲಿ ಮೊಬೈಲ್ ಕೈಗೆ ಬಂದಿರುತ್ತದೆ. ಎರಡನೆಯದರಲ್ಲಿ ಲೆಕ್ಕ ಮೊದಲೇ ಮುಗಿದಿದೆ, ಎದ್ದು ಹೋದರೆ ಸಾಕು.

ಅದಕ್ಕೇ ಚೀಟಿಯಲ್ಲಿ ನಾನು ಕೆಲಸದ ಹೆಸರು ಬರೆಯುವುದಿಲ್ಲ. ಮೊದಲು ಕೈ ಹಾಕುವುದು ಯಾವುದಕ್ಕೆ ಎನ್ನುವುದನ್ನಷ್ಟೇ ಬರೆಯುತ್ತೇನೆ. ಬಚ್ಚಲು ತಿಕ್ಕುವ ದಿನ ಚೀಟಿಯಲ್ಲಿರುವುದು ‘ಬಕೆಟ್, ಚೊಂಬು ಹೊರಗಿಟ್ಟು ನೆಲಕ್ಕೆ ಸೋಪಿನ ಪುಡಿ ಎರಚುವುದು’. ಪುಡಿ ಎರಚಿದ ಬಚ್ಚಲನ್ನು ಹಾಗೇ ಬಿಡುವಂತಿಲ್ಲ, ಸಂಜೆ ಯಾರಾದರೂ ಮೀಯಲು ಹೋಗಲೇಬೇಕು. ಇಲ್ಲಣ (ಮಾಡಿನ ಮಸಿ, ಜೇಡರ ಬಲೆ) ತೆಗೆಯುವ ದಿನ ‘ಉದ್ದ ಕೋಲಿಗೆ ಹಿಡಿ (ಪೊರಕೆ) ಕಟ್ಟುವುದು’, ಅಷ್ಟೆ. ದಿನಕ್ಕೆ ಮೂರೇ ಸಾಲು. ಹತ್ತು ಬರೆದರೆ ಸುಲಭದ ನಾಲ್ಕನ್ನು ಮುಗಿಸಿ, ಕಷ್ಟದ್ದನ್ನು ಬಿಟ್ಟು, ‘ಇವತ್ತು ಬಹಳ ಕೆಲಸ ಆಯಿತು’ ಎಂದು ಕುಳಿತುಬಿಡುತ್ತೇವೆ.

ಇನ್ನೊಂದು, ಪ್ರತಿ ಕೆಲಸವನ್ನೂ ಒಮ್ಮೆ ಗಡಿಯಾರ ನೋಡಿ ಅಳೆಯಬೇಕು. ಮುಂದೂಡುವ ಕೆಲಸ ಮನಸ್ಸಿನಲ್ಲಿ ಉಬ್ಬುತ್ತ ಹೋಗುತ್ತದೆ. ನಾನು ಅಳೆದಾಗ ನಾಲ್ಕು ಜನರ ರಾತ್ರಿಯೂಟದ ಪಾತ್ರೆಗೆ 17 ನಿಮಿಷ, ಒಂದು ಹಗ್ಗ ಬಟ್ಟೆ ಮಡಚಲು 9, ಗ್ಯಾಸ್ ಕಟ್ಟೆ ಒರೆಸಲು 4, ಬಚ್ಚಲಿಗೆ 22. ಈ ಅಂಕಿಗಳನ್ನು ಅಡುಗೆಮನೆ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ನಾಲ್ಕು ನಿಮಿಷದ ಕೆಲಸವನ್ನು ನಾಳೆಗೆ ಹಾಕಲು ಮನುಷ್ಯನಿಗೆ ಸ್ವಲ್ಪವಾದರೂ ನಾಚಿಕೆ ಆಗುತ್ತದೆ. 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎನ್ನುವ ಪೊಮೊಡೊರೊ ಕ್ರಮ ಓದುವವರಿಗೆ, ಬರೆಯುವವರಿಗೆ ಸರಿ. ಮನೆಗೆಲಸಕ್ಕೆ ಅದು ಹೊಂದುವುದಿಲ್ಲ. ಅರ್ಧ ತೊಳೆದ ಪಾತ್ರೆಯನ್ನು ಬಿಟ್ಟು ವಿರಾಮಕ್ಕೆ ಹೋದವರು ವಾಪಸು ಬರುವುದು ಮರುದಿನವೇ. ಇಲ್ಲಿ ಅಳತೆ ಹೊತ್ತಿನಿಂದ ಆಗಬಾರದು, ಜಾಗದಿಂದ ಆಗಬೇಕು: ಒಂದು ಖಾನೆ, ಒಂದು ಹಗ್ಗ, ಒಂದು ಕಿಟಕಿ.

ಯಾವಾಗ ಮಾಡುವುದು? ‘ಬೆಳಿಗ್ಗೆ 10 ಗಂಟೆಗೆ’ ಎಂದು ಇಟ್ಟುಕೊಂಡರೆ ನಿಲ್ಲುವುದಿಲ್ಲ, ಹತ್ತಕ್ಕೆ ಮೀನಿನವಳು ಕೂಗುತ್ತಾಳೆ, ಇಲ್ಲವೇ ಫೋನು ಬರುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರ ಲೇಖನವೊಂದರಲ್ಲಿ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ಮಾಡಬೇಕು ಎಂಬ ಬರಿಯ ಸಂಕಲ್ಪಕ್ಕಿಂತ ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಗಂಟು ಹಾಕಿಟ್ಟ ಕೆಲಸ ಹೆಚ್ಚು ನಡೆಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಅಂಥ ಗಂಟುಗಳಿಗೆ ಬರ ಇಲ್ಲ. ಅರ್ಧ ಲೀಟರ್ ಹಾಲು ಉಕ್ಕಲು ಐದಾರು ನಿಮಿಷ ಬೇಕು, ಹಾಲು ಬಿಟ್ಟು ಆಚೆ ಹೋಗುವಂತಿಲ್ಲ. ಆ ಹೊತ್ತಿಗೆ ರಾತ್ರಿ ತೊಳೆದ ಪಾತ್ರೆಗಳನ್ನು ಸ್ಟ್ಯಾಂಡಿನಿಂದ ಒಳಗಿಡುವುದು. ಕುಕ್ಕರ್ ಮೂರು ಸೀಟಿ ಹೊಡೆಯುವುದರೊಳಗೆ ಕಟ್ಟೆ, ಸಿಂಕು ಒರೆಸುವುದು. ಬಚ್ಚಲ ಹಂಡೆಗೆ ಬೆಂಕಿ ಹಾಕಿದ ಮೇಲೆ ನೀರು ಕಾಯಲು ಅರ್ಧ ಗಂಟೆಯ ಮೇಲೆ ಬೇಕು, ನಡುನಡುವೆ ಕಟ್ಟಿಗೆಯನ್ನು ಒಲೆಯೊಳಗೆ ತಳ್ಳುತ್ತಲೇ ಇರಬೇಕು. ಹೇಗೂ ಅಲ್ಲೇ ಇರುವುದರಿಂದ ಬಟ್ಟೆ ಮಡಚುವ ಕೆಲಸ ಅಲ್ಲಿಗೇ. ಉಕ್ಕುವ, ಸೀಟಿ ಹೊಡೆಯುವ, ಆರಿಹೋಗುವ ವಸ್ತುವಿಗೆ ಕಟ್ಟಿದ ಕೆಲಸ ತಪ್ಪುವುದು ಕಡಿಮೆ.

ಸಾಮಾನು ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಬಚ್ಚಲ ಬ್ರಷ್ ಬಚ್ಚಲಲ್ಲೇ, ಮೆತ್ತಿಗೆ (ಮಾಳಿಗೆಗೆ) ಬೇರೆಯೇ ಒಂದು ಹಿಡಿ, ಸಿಂಕಿನ ಕೆಳಗೆ ಒರೆಸುವ ಬಟ್ಟೆ ಎರಡು, ಒಂದು ಒದ್ದೆ ಇದ್ದರೆ ಇನ್ನೊಂದಕ್ಕೆ. ಹಿಡಿ ಹುಡುಕಲು ಹಿತ್ತಲಿಗೆ ಹೋದವರು ಬಸಳೆ ಚಪ್ಪರ ನೋಡುತ್ತ ನಿಲ್ಲುತ್ತಾರೆ, ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಕೆಲಸಕ್ಕೆ ಹುರುಪು ಬರಲಿ ಎಂದು ಹೊಸ ಡಬ್ಬಿ, ಬುಟ್ಟಿ, ಖಾನೆ ಕೊಳ್ಳಲು ಮಾತ್ರ ಹೋಗಬಾರದು. ಕೊಂಡದ್ದರಲ್ಲೇ ಕೆಲಸ ಆದಂತೆ ಸಮಾಧಾನವಾಗಿಬಿಡುತ್ತದೆ, ಆಮೇಲೆ ಒರೆಸಬೇಕಾದ ವಸ್ತು ನಾಲ್ಕು ಹೆಚ್ಚಾಗಿರುತ್ತದೆ.

ಪಾತ್ರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚಿನವರು ಸೋಲುವುದು ಅಲ್ಲೇ. ಅನ್ನದ ಪಾತ್ರೆ ಒಣಗಿದರೆ ಗಂಜಿ ಅಂಟಿ ಕಲ್ಲಾಗುತ್ತದೆ, ಒಂದು ನಿಮಿಷದ ತಿಕ್ಕಾಟ ಐದಕ್ಕೆ ಏರುತ್ತದೆ. ಬಡಿಸಿ ಮುಗಿದ ಕೂಡಲೇ ಅದಕ್ಕೆ ನೀರು ಹಾಕಿಟ್ಟರೆ ಅರ್ಧ ಕೆಲಸ ಆದಂತೆ. ಕಬ್ಬಿಣದ ದೋಸೆ ಕಾವಲಿಗೆ ಮಾತ್ರ ನೀರು ಹಾಕಿಡಬಾರದು, ಬೆಳಗಾಗುವಷ್ಟರಲ್ಲಿ ತುಕ್ಕು. ಬಟ್ಟೆಯಿಂದ ಒರೆಸಿ ಒಂದು ಹನಿ ಎಣ್ಣೆ ಸವರಿದರೆ ಸಾಕು. ಮೀನು, ಮೊಟ್ಟೆಯ ಪಾತ್ರೆಗೆ ಬಿಸಿನೀರು ಹೊಯ್ಯುವುದು ದೊಡ್ಡ ತಪ್ಪು, ಶಾಖಕ್ಕೆ ಪ್ರೋಟೀನು ಗಟ್ಟಿಯಾಗಿ ಪಾತ್ರೆಗೆ ಕಚ್ಚುತ್ತದೆ. ಮೊದಲು ತಣ್ಣೀರಿನಲ್ಲಿ ತೊಳೆದು, ಸಾರಿಗೆ ಹಿಂಡಿ ಉಳಿದ ಹುಣಸೆ ಚರಟದಿಂದ ತಿಕ್ಕಿ, ಆಮೇಲೆ ಸೋಪು. ಮೀನಿನ ವಾಸನೆ ಬರುವುದು ಅಮೈನ್ ಎಂಬ ಕ್ಷಾರಗುಣದ ವಸ್ತುಗಳಿಂದ. ಹುಳಿ ತಾಗಿದಾಗ ಅವು ಲವಣವಾಗಿ ನೀರಿನಲ್ಲಿ ಹೋಗುತ್ತವೆ, ಗಾಳಿಗೆ ಏಳುವುದಿಲ್ಲ. ಮುರುಗಲು (ಕೋಕಂ) ಸಿಪ್ಪೆಯೂ ನಡೆಯುತ್ತದೆ. ಕಾರವಾರ, ಅಂಕೋಲಾ ಕಡೆ ದಿನಾ ಮೀನು ಬೇಯುವ ಮನೆಯಲ್ಲಿ ಈ ಒಂದು ಕ್ರಮ ತಪ್ಪಿದರೆ ಸಿಂಕಿನ ಹತ್ತಿರ ಹೋಗಲಿಕ್ಕೇ ಮನಸ್ಸಾಗುವುದಿಲ್ಲ, ಹೋಗದಿದ್ದರೆ ರಾಶಿ ಬೆಳೆಯುತ್ತದೆ. ರಾತ್ರಿ ಎಲ್ಲವನ್ನೂ ತೊಳೆಯಲು ಆಗದ ದಿನ ಲೋಟ, ಚಮಚಗಳನ್ನು ಮುಟ್ಟದೆ ಅತಿ ದೊಡ್ಡ ಎರಡು ಪಾತ್ರೆ ತೊಳೆದು ಮಲಗಬೇಕು. ಬೆಳಿಗ್ಗೆ ರಾಶಿ ಸಣ್ಣದಾಗಿ ಕಾಣಬೇಕೆಂದರೆ ದೊಡ್ಡದೇ ಮೊದಲು ಹೋಗಬೇಕು.

ಇನ್ನು ಮಳೆಗಾಲ. ಜೂನ್‌ನಿಂದ ಸಪ್ಟೆಂಬರ್‌ವರೆಗೆ ನಮ್ಮಲ್ಲಿ ಮನೆಗೆಲಸ ಮುಂದೂಡಲು ಆಕಾಶವೇ ನೆಪ ಕೊಡುತ್ತದೆ. ಹೊಳವಾದಾಗ, ಅಂದರೆ ಮಳೆ ಸ್ವಲ್ಪ ಬಿಟ್ಟಾಗ, ಏನು ಮಾಡುವುದೆಂದು ಯೋಚಿಸುವಷ್ಟರಲ್ಲಿ ಹೊಳವೇ ಹೋಗಿರುತ್ತದೆ. ಗಾಳಿಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಹಾಗಾಗಿ ಈ ನಾಲ್ಕು ತಿಂಗಳು ನನ್ನ ಚೀಟಿ ಮೂರಾಗುತ್ತದೆ. ಒಂದು ಹೊಳವಿನ ಚೀಟಿ: ಅಂಗಳದ ಹಾವಸೆ (ಪಾಚಿ), ಹೊದಿಕೆಗೆ ಗಾಳಿ, ಮಾಡಿನ ನೀರು ಹರಿಯುವ ದೋಣಿಯಲ್ಲಿ ನಿಂತ ದರಕು (ಒಣ ಎಲೆ). ಇನ್ನೊಂದು ಕರೆಂಟ್ ಚೀಟಿ: ವಾಷಿಂಗ್ ಮಷಿನ್, ಟ್ಯಾಂಕಿಗೆ ನೀರು, ಮಿಕ್ಸಿಯಲ್ಲಿ ತಿರುವಿಡುವ ಮಸಾಲೆ, ಇಸ್ತ್ರಿ. ಮೂರನೆಯದು ಕತ್ತಲೆಯಲ್ಲೂ ಆಗುವಂಥದ್ದು: ಬಟ್ಟೆ ಮಡಚುವುದು, ಡಬ್ಬಿ ಒರೆಸುವುದು, ಹಿತ್ತಾಳೆ ದೀಪ ತೊಳೆಯುವುದು. ಕರೆಂಟ್ ಬಂದ ಕೂಡಲೇ ಟಿ.ವಿ. ಹಾಕುವ ಮೊದಲು ಎರಡನೇ ಚೀಟಿಯ ಮೇಲಿನ ಸಾಲು. ಇವತ್ತು ಏನು ಮಾಡಲಿ ಎಂಬ ಪ್ರಶ್ನೆಗೆ ಆಕಾಶವೇ ಉತ್ತರ ಕೊಡುವುದರಿಂದ ನಮಗೆ ತೀರ್ಮಾನಿಸುವ ಶ್ರಮವಿಲ್ಲ.

ಬಟ್ಟೆಯನ್ನು ಆದಿತ್ಯವಾರಕ್ಕೆ ಕೂಡಿಡುವುದು ಬೇಸಿಗೆಯಲ್ಲಿ ನಡೆಯುತ್ತದೆ, ಆಷಾಢದಲ್ಲಿ ನಡೆಯುವುದಿಲ್ಲ. ಮೂವತ್ತು ಬಟ್ಟೆ ಒಟ್ಟಿಗೆ ಹರವಲು ಒಳಗೆ ಜಾಗವಿಲ್ಲ, ಒತ್ತಾಗಿ ಹಾಕಿದರೆ ಎರಡು ದಿನಕ್ಕೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮತ್ತೆ ತೊಳೆಯಬೇಕಾದ ಬಟ್ಟೆಯನ್ನು ನೋಡಿದರೆ ಯಾರಿಗಾದರೂ ಕೈಕಾಲು ಬಿದ್ದುಹೋಗುತ್ತದೆ. ದಿನಕ್ಕೆ ಏಳೆಂಟೇ ಬಟ್ಟೆ, ಎರಡು ಸಲ ಹಿಂಡುವ ಸುತ್ತು, ಬಟ್ಟೆಯಿಂದ ಬಟ್ಟೆಗೆ ನಾಲ್ಕು ಬೆರಳು ಅಂತರ, ಪ್ಯಾಂಟುಗಳ ಒಳಭಾಗ ಹೊರಗೆ. ಒಂದು ಕಿಟಕಿ ತೆರೆದು ಫ್ಯಾನ್ ಹಾಕಬೇಕು, ಎಲ್ಲ ಮುಚ್ಚಿ ಫ್ಯಾನ್ ತಿರುಗಿಸಿದರೆ ಅದೇ ತೇವದ ಗಾಳಿ ಸುತ್ತುತ್ತದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟುವವರು ಹೊಗೆ ನಿಂತ ಮೇಲೆ, ಕೆಂಡ ಮಾತ್ರ ಇರುವಾಗ ಹಾಕಬೇಕು. ಬಟ್ಟೆ ಒಲೆಗೆ ಜಾರಿ ಬೀಳದಷ್ಟು ದೂರ ಇರಬೇಕೆಂದು ಬೇರೆ ಹೇಳಬೇಕಿಲ್ಲ.

ಕಪಾಟನ್ನು ಜುಲೈಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಬಾರದು, ಬೂಸ್ಟಿಗೆ ನಾವೇ ನೀರು ಹೊಯ್ದಂತೆ. ಒಣ ಬಟ್ಟೆ, ಗೋಡೆಯಿಂದ ನಾಲ್ಕು ಬೆರಳು ಜಾಗ, ಹಗಲು ಬಾಗಿಲು ತೆರೆದಿಡುವುದು, ಸದ್ಯಕ್ಕೆ ಇಷ್ಟೇ. ದೊಡ್ಡ ಸ್ವಚ್ಛತೆ ನವರಾತ್ರಿಯ ಬಿಸಿಲಿಗೆ.

ಅಂಗಳದ ಹಾವಸೆ ಹಾಗೆ ಕಾಯುವುದಿಲ್ಲ, ಅದು ಕಾಲು ಮುರಿಯುವ ಬಾಬ್ತು. ಹತ್ತು ಲೀಟರ್ ನೀರಿಗೆ ಸುಮಾರು 100 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಮೆಟ್ಟಿಲಿಗೆ, ಬಾವಿ ದಾರಿಗೆ ಚೆಲ್ಲಿ, 20 ನಿಮಿಷ ಬಿಟ್ಟು, ತೆಂಗಿನ ಕಡ್ಡಿಯ ಮೊಂಡು ಹಿಡಿಯಿಂದ ತಿಕ್ಕುವುದು. ಕೆಲಸ ಕೆಡುವುದು ಮೂರು ಕಡೆ. ಚೆಲ್ಲಿದ ಹತ್ತು ನಿಮಿಷಕ್ಕೆ ಮಳೆ ಬಂದರೆ ಪುಡಿಯೆಲ್ಲ ತೋಡಿಗೆ, ಆದ್ದರಿಂದಲೇ ಇದು ಹೊಳವಿನ ಚೀಟಿಯ ಮೊದಲ ಸಾಲು. ಹೋದ ವರ್ಷ ಒಡೆದ ಪೊಟ್ಟಣ ತೇವಕ್ಕೆ ಸತ್ವ ಕಳೆದುಕೊಂಡಿರುತ್ತದೆ, ಮೂಗಿಗೆ ಘಾಟು ಬರದಿದ್ದರೆ ಅದರಿಂದ ಪ್ರಯೋಜನವಿಲ್ಲ. ಮೂರನೆಯದು ಅಪಾಯದ್ದು: ಇನ್ನೂ ಚೊಕ್ಕವಾಗಲಿ ಎಂದು ಸಂಡಾಸಿಗೆ ಹಾಕುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶಕ್ಕೆ ವಿಷ. ಬೆರೆಸಲೇಬಾರದು. ತುಳಸಿಕಟ್ಟೆಯ ಕಡೆಗೂ ಬಾವಿಯ ಕಡೆಗೂ ನೀರು ಹರಿಯದಂತೆ ನೋಡಿಕೊಳ್ಳಬೇಕು.

ಮಳೆಗಾಲದ ಮುಂಚಿನ ಕೆಲಸಗಳಿಗೆ ಕ್ಯಾಲೆಂಡರಿನ ತಾರೀಕಿಗಿಂತ ಮಳೆ ನಕ್ಷತ್ರ ಒಳ್ಳೆಯ ಗಡುವು. ಮೃಗಶಿರಾ (ಆಡುಮಾತಿನ ಮಿರ್ಗ) ಹುಟ್ಟುವುದು ಜೂನ್ 7–8ರ ಸುಮಾರಿಗೆ. ಅಷ್ಟರೊಳಗೆ ಒಡೆದ ಹೆಂಚು ಬದಲಾಗಿ, ಕಟ್ಟಿಗೆ ಒಳಗೆ ಬಂದು, ದೋಣಿಯ ದರಕು ತೆಗೆದಾಗಿರಬೇಕು. ‘ಮೇ ಕೊನೆಗೆ’ ಎಂದು ನಾವೇ ಇಟ್ಟುಕೊಂಡ ಗಡುವನ್ನು ನಾವೇ ಮುಂದೂಡಬಹುದು, ಮಿರ್ಗವನ್ನು ಮುಂದೂಡಲಾಗದು.

ಒಬ್ಬರೇ ಮಾಡಲಾಗದೆ ನಿಂತ ಕೆಲಸಕ್ಕೆ ಹುರುಪು ಹುಡುಕುವುದಕ್ಕಿಂತ ಜನ ಹುಡುಕುವುದು ಸುಲಭ. ಶಿರಸಿ, ಸಿದ್ದಾಪುರದ ಕಡೆ ಚೌತಿಗೆ ಮೊದಲು ಅಕ್ಕಪಕ್ಕದವರು ಒಂದೇ ಮನೆಯಲ್ಲಿ ಸೇರಿ ಚಕ್ಕುಲಿ ಸುತ್ತುವ ‘ಚಕ್ಕುಲಿ ಕಂಬಳ’ ಮಾಡುತ್ತಾರೆ. ಒಬ್ಬರೇ ಕುಳಿತು ಸುತ್ತಿದರೆ ಬೆನ್ನು ಬಿದ್ದುಹೋಗುವ ಕೆಲಸ ಮಾತಿನಲ್ಲಿ ಮುಗಿಯುತ್ತದೆ. ಅದೇ ಮುಯ್ಯಾಳಿನ (ಕೆಲಸಕ್ಕೆ ಪ್ರತಿಯಾಗಿ ಕೆಲಸ) ಲೆಕ್ಕ ಕಪಾಟಿಗೂ ಅಟ್ಟಕ್ಕೂ ನಡೆಯುತ್ತದೆ: ಈ ಗುರುವಾರ ನಮ್ಮ ಅಟ್ಟ, ಮುಂದಿನ ಗುರುವಾರ ನಿಮ್ಮದು. ಬಂದವರು ಕೆಲಸ ಮಾಡಲೇಬೇಕೆಂದಿಲ್ಲ, ಮೊರದಲ್ಲಿ ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕುಳಿತರೂ ಆಯಿತು. ಯಾರೂ ಸಿಗದಿದ್ದರೆ ನೆಂಟರನ್ನು ಶನಿವಾರದ ಆಸರಿಗೆ (ಚಹಾ, ಪಾನಕಕ್ಕೆ) ಕರೆದುಬಿಡಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಶಿರಸಿ ಪೇಟೆಯ ಮನೆಗಳು ಸುಣ್ಣಬಣ್ಣ ಕಾಣುವುದರ ಹಿಂದೆ ಭಕ್ತಿಯಷ್ಟೇ ನೆಂಟರ ಭಯವೂ ಇದೆ.

ಮನೆಯವರಿಗೆ ಹಂಚುವಾಗ ‘ಯಾರಾದರೂ ಸ್ವಲ್ಪ ಮಾಡಬಾರದಾ’ ಎಂದರೆ ಯಾರೂ ಏಳುವುದಿಲ್ಲ. ‘ತಮಾ, ಊಟ ಆದ ಮೇಲೆ ಕಾಯಿ ಸಿಪ್ಪೆ ಬಚ್ಚಲೊಲೆ ಹತ್ತಿರ ಹಾಕು’ ಎಂದರೆ ಆಗುತ್ತದೆ. ಮಾಡಿದ್ದು ಓರೆಕೋರೆ ಇದ್ದರೂ ಎದುರಿಗೇ ತಿದ್ದಬಾರದು, ತಿದ್ದಿದರೆ ಆ ಕೆಲಸ ಮತ್ತೆ ನಮ್ಮ ಚೀಟಿಗೇ ಬರುತ್ತದೆ.

ಏಳು ದಿನ ಕಳೆದರೂ ಆಗದೆ ಉಳಿದ ಸಾಲನ್ನು ನಾನು ಹೊಸ ಚೀಟಿಗೆ ಹಾಗೇ ಇಳಿಸುವುದಿಲ್ಲ. ಅದು ಉಳಿದದ್ದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ: ಸಾಲು ದೊಡ್ಡದಾಯಿತು, ಇಲ್ಲವೇ ಏನೋ ಒಂದು ಸಾಮಾನು ಮನೆಯಲ್ಲಿಲ್ಲ. ‘ಕಿಟಕಿ ಬಲೆ ಕಟ್ಟುವುದು’ ಎರಡು ವಾರ ನಿಂತಿದ್ದರೆ ಒಮ್ಮೆ ಡಬ್ಬಿ ತೆರೆದು ನೋಡಿ, ಸಣ್ಣ ಮೊಳೆ ತೀರಿಹೋಗಿರುತ್ತದೆ. ಆಗ ಚೀಟಿಯಲ್ಲಿ ಬರೆಯಬೇಕಾದದ್ದು ‘ಅರ್ಧ ಇಂಚಿನ ಮೊಳೆ, 50 ಗ್ರಾಂ, ಪೇಟೆ’.